ಯಾರೂ ಬರತಕ್ಕದ್ದಲ್ಲ ಎಂಬ ಸುತ್ತೋಲೆ

ಮನುಷ್ಯ ತನ್ನ ಎರಡು ಕಾಲಿನ ಮೇಲೆ ನೆಟ್ಟಗೆ ನಿಲ್ಲುವುದೇ ಕಷ್ಟವಾಗಿರುವ ಈ ದಿನಗಳಲ್ಲಿ, ಒಂದೊಂದು ಕಾಲಿಗೂ ನಾಲ್ಕು ಗಾಲಿ ಕಟ್ಟಿಕೊಂಡು ನಿಲ್ಲಬೇಕೆಂಬ ಹಟ ಯಾಕೆ ಎಂದು ನಾನು ಮಗಳು ರಾಜೇಶ್ವರಿಯನ್ನು ಹತ್ತು ವರ್ಷಗಳಿಂದ ಕೇಳುತ್ತ ಬಂದಿದ್ದೇನೆ. ಇನ್ನೂ ಉತ್ತರ ಬಂದಿಲ್ಲ. ಗಿರಗಿರನೆ ತಿರುಗುತ್ತಿರುವವರಿಂದ ಉತ್ತರ ಪಡೆಯುವುದು ಸುಲಭವಲ್ಲವೆಂದು ಸುಮ್ಮನಿದ್ದೇನೆ. ಅವಳು ಮಾಡುವುದಕ್ಕೆ ಫಿಗರ್ ಸ್ಕೇಟಿಂಗ್ ಎನ್ನುತ್ತಾರೆ. ಟೀವಿಯಲ್ಲಿ ಅದನ್ನು ಮಂಜುಗಡ್ಡೆಯ ಮೇಲೆ ಮಾಡುವುದನ್ನು ನೀವು ನೋಡಿರಬಹುದು. ಚಿಕ್ಕೋಡಿಯಲ್ಲಿ ಮಂಜುಗಡ್ಡೆ ಬೇಕೆಂದರೆ ಕಬ್ಬಿನ ಹಾಲಿನ ಗಾಡಿಗೆ ಹೋಗಬೇಕು. ಆದ್ದರಿಂದ ನಮ್ಮಲ್ಲಿ ನುಣುಪಾದ ಸಿಮೆಂಟ್ ನೆಲ, ಕಾಲಿಗೆ ಗಾಲಿ, ಹಿನ್ನೆಲೆಗೆ ಹಾಡು. ಉಳಿದಂತೆ ಕುಣಿತ, ಜಿಗಿತ, ಬೀಳುವುದು ಎಲ್ಲ ಅದೇ.

ಈ ವರ್ಷ ಜಿಲ್ಲಾ ಮಟ್ಟದ ಸ್ಪರ್ಧೆ ನಮ್ಮೂರಲ್ಲೇ ಎಂದು ತಿಳಿದ ದಿನದಿಂದ ನನ್ನ ಮನೆ ಮನೆಯಾಗಿ ಉಳಿಯಲಿಲ್ಲ. ಗೆದ್ದ ಇಬ್ಬರು ರಾಜ್ಯದ ಸ್ಪರ್ಧೆಗೆ ಹೋಗುತ್ತಾರೆ. ವಯಸ್ಸಿನ ಲೆಕ್ಕದಲ್ಲಿ ಈ ಗುಂಪಿನಲ್ಲಿ ಅವಳಿಗೆ ಇದೇ ಕಡೆಯ ವರ್ಷ. ಗೆಲ್ಲಬೇಕಾದರೆ ಗಾಳಿಯಲ್ಲಿ ಒಂದೂವರೆ ಸುತ್ತು ತಿರುಗಿ ಒಂದೇ ಕಾಲಿನ ಮೇಲೆ ಇಳಿಯುವ ಜಿಗಿತವೊಂದು ಕೂಡಿಬರಬೇಕು. ಬೆಳಗಾವಿಯಲ್ಲಿ ಕೂಡಿಬಂದಿತ್ತು, ಕೊಲ್ಲಾಪುರದಲ್ಲೂ ಬಂದಿತ್ತು. ಚಿಕ್ಕೋಡಿಯ ಹೆಸರು ಕೇಳಿದ್ದೇ ತಡ, ಅದು ಎಲ್ಲೋ ತಪ್ಪಿಸಿಕೊಂಡಿತು. ಹುಡುಗಿ ಕಾಲುಚೀಲ ಹಾಕಿಕೊಂಡು ಪಡಸಾಲೆಯಲ್ಲಿ ಜಿಗಿಯುವಳು, ಷೋಕೇಸಿನ ಗಾಜು ನಡುಗುವುದು. ಒಮ್ಮೆ ಕಾರಣವಿಲ್ಲದೆ ನಗುವಳು. ಮರುಗಳಿಗೆ ರೊಟ್ಟಿ ಮುರಿದು ಕೈಯಲ್ಲೇ ಹಿಡಿದುಕೊಂಡು ಗೋಡೆ ನೋಡುವಳು. ಗಾಲಿಯ ಬೇರಿಂಗುಗಳನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಲು ಅವಳಿಗೆ ನಮ್ಮ ಚಟ್ನಿಯ ಬಟ್ಟಲೇ ಬೇಕು. ಒಂದು ಮುಂಜಾನೆ ಪತ್ರಿಕೆ ಓದುತ್ತ ನಾನು ಆ ಬಟ್ಟಲಿಗೆ ರೊಟ್ಟಿ ಅದ್ದಿದೆ. ಅದರ ರುಚಿಯ ಬಗ್ಗೆ ಇಲ್ಲಿ ಬರೆಯುವುದಿಲ್ಲ.

"ಎಷ್ಟ ಅಂಜತೀ? ಬೆಳಗಾವ್ಯಾಗ ಅಂಜಲಿಲ್ಲ, ಕೊಲ್ಲಾಪುರದಾಗ ಅಂಜಲಿಲ್ಲ" ಎಂದೆ.

"ಬೆಳಗಾವ್ಯಾಗ ಬಿದ್ರ ಬಸ್ ಹತ್ತಿ ಬಂದಬಿಡಬಹುದಪ್ಪಾ. ಚಿಕ್ಕೋಡ್ಯಾಗ ಬಿದ್ರ ದಿನಾ ಅದ ದಾರೀಲೆ ಕಾಲೇಜಿಗೆ ಹೋಗ್ಬೇಕು. ಕಾಲು ನನ್ನವು ಅನ್ನಸವಲ್ವು." ಆಮೇಲೆ ಹೇಳಿದಳು, "ಒಂದ ಉಪಕಾರ ಮಾಡ್ರಿ. ನಮ್ಮ ಮಂದಿ ಯಾರೂ ಬರದಂಗ ನೋಡಕೋರಿ. ನಿಮ್ಮಷ್ಟ ಬರ್ರಿ. ಬಂದು ಸುಮ್ಮ ಕುಂದರ್ರಿ."

ಇಷ್ಟು ಸಣ್ಣ ಕೆಲಸ. ಇಪ್ಪತ್ತೆಂಟು ವರ್ಷ ಸರಕಾರಿ ಕಚೇರಿಯಲ್ಲಿ ಸವೆದು ಹೆಡ್ ಕ್ಲಾರ್ಕ್ ಆದವನಿಗೆ ಜನ ಬಾರದಂತೆ ನೋಡಿಕೊಳ್ಳುವುದು ಹೊಸ ವಿದ್ಯೆಯೇನಲ್ಲ. ಅಥಣಿ, ರಾಯಬಾಗ, ನಿಪ್ಪಾಣಿ, ಕಾಗವಾಡ, ಎಲ್ಲ ಕಡೆಯ ನೆಂಟರೂ ಇರುವ ನಮ್ಮ ಬಳಗದ ವಾಟ್ಸಾಪ್ ಗುಂಪಿಗೆ ಅಂದೇ ಒಂದು ಸುತ್ತೋಲೆ ಹೊರಡಿಸಿದೆ. 'ವಿಷಯ: ಸ್ಕೇಟಿಂಗ್ ಸ್ಪರ್ಧೆಗೆ ಬಾರದಿರುವ ಕುರಿತು. ಸಮಸ್ತ ಬಂಧುಗಳಿಗೆ ತಿಳಿಯಪಡಿಸುವುದೇನೆಂದರೆ, ಬರುವ ರವಿವಾರ ಬೆಳಿಗ್ಗೆ ಹತ್ತು ಗಂಟೆಗೆ ಚಿಕ್ಕೋಡಿ ಬಸ್ ನಿಲ್ದಾಣದಿಂದ ಹತ್ತು ನಿಮಿಷದ ನಡಿಗೆಯಲ್ಲಿರುವ ಸ್ಕೇಟಿಂಗ್ ಅಂಗಳದಲ್ಲಿ ಚಿ. ರಾಜೇಶ್ವರಿಯ ಸ್ಪರ್ಧೆ ಇದ್ದು, ಸದರಿ ಸ್ಪರ್ಧೆಗೆ ಯಾರೂ ಬರತಕ್ಕದ್ದಲ್ಲ.' ದಿನಾಂಕ, ವೇಳೆ, ಸ್ಥಳ ಇಲ್ಲದ ಪತ್ರಕ್ಕೆ ನಾನು ಇಂದಿನವರೆಗೆ ಸಹಿ ಹಾಕಿದವನಲ್ಲ. ರಾಯಬಾಗದ ಷಡ್ಡಕ ಎರಡೇ ನಿಮಿಷದಲ್ಲಿ ಉತ್ತರಿಸಿದ: 'ಟೈಮ್ ಹೇಳಿದ್ದು ಭಾಳ ಚೊಲೋ ಆತ್ರಿ. ನಮಗ ಗೊತ್ತ ಇರಲಿಲ್ಲ ನೋಡ್ರಿ.'

ರವಿವಾರ ಒಂಬತ್ತೂವರೆಗೆ ಸ್ಕೇಟಿಂಗ್ ಅಂಗಳದ ಮುಂದೆ ಎರಡು ಟೆಂಪೊ ಬಂದು ನಿಂತವು. ಮೊದಲು ಇಳಿದವಳು ಕೊಕಟನೂರಿನ ನನ್ನ ಅಕ್ಕ ಗಂಗವ್ವ.

"ಬರಬ್ಯಾಡಂತ ಬರದಿದ್ನೆಲ್ಲಬೇ ಅಕ್ಕಾ" ಎಂದೆ.

"ಓದಿಸಿ ಕೇಳೀನಪಾ. ಬರಬ್ಯಾಡಂತ ಇಷ್ಟ ಚಂದಗೆ ಯಾರ ಕರೀತಾರ?" ಎಂದು ಸೆರಗಿನ ಗಂಟು ಬಿಚ್ಚಿದಳು. ಒಳಗೆ ಎಲ್ಲಮ್ಮನ ಭಂಡಾರದ ಪೊಟ್ಟಣ. ನಮ್ಮ ಕಡೆ ಮನೆಯವರು ಯಾವ ದೊಡ್ಡ ಕೆಲಸಕ್ಕೆ ಹೊರಟರೂ ಹಣೆಗಿಷ್ಟು ಈ ದೇವರ ಅರಿಶಿನ ಹಚ್ಚಿ, ತಲೆಯ ಮೇಲೊಂದು ಮುಷ್ಟಿ ಹಾರಿಸದಿದ್ದರೆ ಕೆಲಸ ಅರ್ಧವಾದಂತೆ. ಆದರೆ ಅಲ್ಲಿದ್ದದ್ದು ಕನ್ನಡಿಯಂಥ ನೆಲ. ಅದರ ಮೇಲೆ ಪುಡಿ ಬಿದ್ದರೆ ಗಾಲಿ ಜಾರಿ ಮೂಳೆ ಮುರಿಯುತ್ತದೆಂದು ಅಕ್ಕನಿಗೆ ಸವಿಸ್ತಾರವಾಗಿ ತಿಳಿಸಿ, ಸದರಿ ಪೊಟ್ಟಣವನ್ನು ಜಪ್ತಿ ಮಾಡಿ ನನ್ನ ಅಂಗಿಯ ಕಿಸೆಯಲ್ಲಿಟ್ಟುಕೊಂಡೆ. ಹೆಸರು ಹಿಡಿದು ಕೂಗಬೇಡಿ, ಸೀಟಿ ಹೊಡೆಯಬೇಡಿ, ಎದ್ದು ನಿಲ್ಲಬೇಡಿ ಎಂದು ಬಳಗಕ್ಕೆಲ್ಲ ಮೌಖಿಕ ಆದೇಶವನ್ನೂ ಕೊಟ್ಟೆ. ಆಶ್ಚರ್ಯವೆಂದರೆ, ಎಲ್ಲರೂ ಪಾಲಿಸಿದರು.

ಮೈಕಿನಲ್ಲಿ ರಾಜೇಶ್ವರಿಯ ಹೆಸರು ಬಂತು. ನಿಪ್ಪಾಣಿಯ ಟೇಲರ್ ಹೊಲಿದ ನೀಲಿ ಜರಿಯ ಉಡುಪಿನಲ್ಲಿ ಬಾಗಿಲ ಕಂಬಿ ಹಿಡಿದು ನಿಂತಿದ್ದಳು. ಎರಡು ಟೆಂಪೊ ಮಂದಿಯನ್ನು ನೋಡಿದಳು, ನನ್ನನ್ನು ನೋಡಿದಳು. ಕೋಪವಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. ಹೆಸರು ಮತ್ತೊಮ್ಮೆ ಬಂದರೂ ಕಂಬಿ ಬಿಡಲಿಲ್ಲ. ಮೊದಲ ದಿನ ಬಾಲವಾಡಿಯ ಬಾಗಿಲಲ್ಲಿ ನಿಂತದ್ದೂ ಹೀಗೆಯೇ. ಅಂದು ಅವಳ ತಲೆಯ ಮೇಲೆ ಭಂಡಾರ ಹಾರಿಸಿದ ನೆನಪು ನನ್ನ ತಲೆಗಲ್ಲ, ಕೈಗೆ ಬಂತೆಂದು ಕಾಣುತ್ತದೆ. ಕೈ ಕಿಸೆಗೆ ಹೋಯಿತು, ಹೊರಗೆ ಬಂತು, ಮೇಲೆದ್ದಿತು. ಪಕ್ಕದಲ್ಲಿ ಆಳೆತ್ತರದ ಫ್ಯಾನೊಂದು ತಿರುಗುತ್ತಿತ್ತೆಂಬುದನ್ನು ನಾನು ಆಮೇಲೆ ಗಮನಿಸಿದೆ. ಕ್ಷಣಾರ್ಧದಲ್ಲಿ ಅಂಗಳದ ಮುಕ್ಕಾಲು ಭಾಗ ಹಳದಿಯಾಯಿತು.

ಸ್ಪರ್ಧೆ ನಿಂತಿತು. ತೀರ್ಪುಗಾರರ ಮುಖ್ಯಸ್ಥೆ ಎದ್ದು ಬಂದು, "ಯಾರ ಹಾರಿಸಿದ್ರಿ ಇದನ್ನ?" ಎಂದರು. ಬಳಗವೆಲ್ಲ ಅಭ್ಯಾಸಬಲದಿಂದ ಗಂಗವ್ವನ ಕಡೆ ನೋಡಿತು. ಅಕ್ಕ ದೊಡ್ಡ ಮನಸ್ಸಿನವಳು. "ನಾನ ಇರಬೇಕ್ರಿ" ಎಂದುಬಿಟ್ಟಳು. ಅವಳ ಕೈ ಸ್ವಚ್ಛವಾಗಿತ್ತು. ನಾನು ಕೈಯನ್ನು ಬೆನ್ನ ಹಿಂದೆ ಅಡಗಿಸಿದ್ದೆ. ಬಿಳಿ ಅಂಗಿಯ ಹಳದಿ ಕಿಸೆಯನ್ನು ಎಲ್ಲಿ ಅಡಗಿಸಲಿ?

"ಹಾರಿಸಿದವರ ಒರಸ್ಲಿ" ಎಂದು ತೀರ್ಪು ಬಂತು.

ಹೀಗೆ ನಾನು ಊರೆಲ್ಲ ನೋಡುತ್ತಿರಲು ಒದ್ದೆ ಬಟ್ಟೆ ಹಿಡಿದು, ಮಂಡಿಯೂರಿ, ಅಂಗಳದ ಈ ತುದಿಯಿಂದ ಆ ತುದಿಗೆ ನೆಲ ಒರೆಸಿದೆ. ಅಷ್ಟಕ್ಕೇ ಬಿಟ್ಟಿದ್ದರೆ ಮರ್ಯಾದೆಯ ಒಂದಂಶವಾದರೂ ಉಳಿಯುತ್ತಿತ್ತು. ಮುಗಿಸಿ ಎದ್ದು, ಗಂಭೀರವಾಗಿ ತೀರ್ಪುಗಾರರಿಗೆ ಕೈಮುಗಿದು, ಹಿಂದಕ್ಕೆ ಒಂದು ಹೆಜ್ಜೆ ಇಟ್ಟೆ. ಒದ್ದೆ ಅರಿಶಿನದ ಮೇಲೆ ನನ್ನ ಚಪ್ಪಲಿ ಅರ್ಧ ಸುತ್ತು ತಿರುಗಿತು, ಉಳಿದರ್ಧವನ್ನು ನಾನು ಪೂರೈಸಿದೆ. ಬಿದ್ದ ಸದ್ದು ಕಡೆಯ ಸಾಲಿಗೂ ಕೇಳಿಸಿತಂತೆ.

ಮೊದಲು ನಕ್ಕವಳು ರಾಜೇಶ್ವರಿ. ಕಂಬಿ ಬಿಟ್ಟು ಗಾಲಿಯ ಮೇಲೇ ಜರ್ರನೆ ಬಂದು ನನ್ನ ತೋಳು ಹಿಡಿದೆತ್ತಿದಳು. "ಆತಪ್ಪಾ" ಎಂದಳು ಕಿವಿಯಲ್ಲಿ, "ಚಿಕ್ಕೋಡ್ಯಾಗ ನಮ್ಮ ಮನೀಂದ ಬೀಳೂದ ಮುಗೀತು. ಇನ್ನ ನಾ ಯಾಕ ಅಂಜಲಿ?"

ಹಳೆಯ ಪತ್ರಿಕೆ ಒತ್ತಿ, ಫ್ಯಾನು ಹಚ್ಚಿ ನೆಲ ಒಣಗಿಸಿದರು. ಅವಳ ಜಿಗಿತವನ್ನು ನಾನು ನೋಡಲಿಲ್ಲ. ಆ ಹೊತ್ತಿಗೆ ಮೂಲೆಯಲ್ಲಿ ಕೂತಿದ್ದೆ. ಷಡ್ಡಕ ಹೊರಗಿನ ಕಬ್ಬಿನ ಹಾಲಿನ ಗಾಡಿಯಿಂದ ತಂದ ಮಂಜುಗಡ್ಡೆಯನ್ನು ನನ್ನ ಮಂಡಿಗೆ ಕಟ್ಟುತ್ತಿದ್ದ. ಅಂತೂ ನಮ್ಮೂರ ಸ್ಕೇಟಿಂಗಿಗೂ ಮಂಜುಗಡ್ಡೆ ಬಂತು. ಒಮ್ಮೆಲೇ ಜನ ಚಪ್ಪಾಳೆ ತಟ್ಟಿದರು. ಗಂಗವ್ವ ಆದೇಶ ಮುರಿದು ಎದ್ದು ನಿಂತು, "ನಿಂತಳೋ, ಒಂದ ಕಾಲ್ಮ್ಯಾಲ ನಿಂತಳು" ಎಂದಳು. ನನಗೆ ಗೊತ್ತಾದದ್ದು ಅಷ್ಟೇ, ಸಾಕಾದದ್ದೂ ಅಷ್ಟೇ. ರಾಜೇಶ್ವರಿ ಎರಡನೆಯವಳಾಗಿ ಆಯ್ಕೆಯಾದಳು.

ಈಗ ಅವಳು ಅದೇ ದಾರಿಯಲ್ಲಿ ತಲೆಯೆತ್ತಿ ಕಾಲೇಜಿಗೆ ಹೋಗುತ್ತಾಳೆ. ನಾನು ಕಚೇರಿಗೆ ಹಿಂದಿನ ಓಣಿಯಿಂದ ಹೋಗುತ್ತೇನೆ. ಅಲ್ಲಿಯೂ ಕಿರಾಣಿ ಅಂಗಡಿಯವನು, "ಮೊಳಕಾಲ ಹ್ಯಾಂಗೈತ್ರಿ ಸಾಹೇಬ್ರ?" ಎಂದು ಕೇಳುವುದನ್ನು ಬಿಟ್ಟಿಲ್ಲ. ರಾಜ್ಯದ ಸ್ಪರ್ಧೆ ಮೈಸೂರಿನಲ್ಲಿ. ಈ ಸಲ ನಾನು ಮನೆಯಲ್ಲೇ ಇರುವೆನೆಂದು ಹೇಳಿನೋಡಿದೆ. ಮಗಳು ಕೇಳಲಿಲ್ಲ. "ನೀವು ಬರಾಕ ಬೇಕು. ಭಂಡಾರ ಬ್ಯಾಡ. ಆ ಚಪ್ಪಲಿ ಹಾಕ್ಕೊಂಡು ಬರ್ರಿ, ಸಾಕು" ಎಂದಳು.