ಕಿರಿಯ ಮಗಳ ಪ್ರಬಂಧಕ್ಕೆ ಮನೆಯವರು ಕೈ ಹಾಕದಿರುವ ಬಗ್ಗೆ

ಗೃಹ ಕಲಿಕಾ ಇಲಾಖೆ
(ಊಟದ ಮೇಜು ವಿಭಾಗ)
ಮೂರನೇ ಮಹಡಿ, ಎಡಗಡೆ ಬಾಗಿಲು

ಸಂಖ್ಯೆ: ಗೃಕಇ/ಊಮೇ/ಪ್ರಬಂಧ/2
ದಿನಾಂಕ: ಸೋಮವಾರ, ತಿಂಡಿಯ ತಟ್ಟೆಗಳನ್ನು ತೆಗೆದ ನಂತರ

ಸುತ್ತೋಲೆ

ವಿಷಯ: ಕಾಲೇಜು ಪ್ರವೇಶಕ್ಕಾಗಿ ಕಿರಿಯ ಮಗಳು ಪ್ರಬಂಧ ಬರೆಯಲು ಕಲಿಯುವ ಅವಧಿಯಲ್ಲಿ ಮನೆಯ ಸದಸ್ಯರು ತೋರಬೇಕಾದ ಸಂಯಮದ ಕುರಿತು.

ಉಲ್ಲೇಖ:
(ಅ) ಹಿರಿಯ ಮಗಳ ಮೊದಲ ಪ್ರಬಂಧದ ಬಗ್ಗೆ ಕಾಲೇಜಿನಿಂದ ಬಂದ ಎರಡು ಸಾಲಿನ ಪತ್ರ.
(ಆ) ಅಪ್ಪನ ಕೆಲಸದ ಡೈರಿ, ಪುಟ 41.
(ಇ) ಅಜ್ಜಿಯವರು ಬಾಲ್ಕನಿಯಿಂದ ಸಲ್ಲಿಸಿದ ಮೌಖಿಕ ಆಕ್ಷೇಪಣೆ.

ಪ್ರಸ್ತಾವನೆ

ಈ ಮನೆಯ ಹೆಣ್ಣುಮಕ್ಕಳಿಬ್ಬರೂ ಶಾಲೆ ಬಿಟ್ಟು ಮನೆಯಲ್ಲೇ ಕಲಿತವರು. ಅಪ್ಪ ಲಿಫ್ಟ್ ಮೆಕ್ಯಾನಿಕ್. ಎತ್ತರದ ಕಟ್ಟಡ ಎದ್ದಲ್ಲೆಲ್ಲ ಹೋಗಿ ಲಿಫ್ಟ್ ಕೂರಿಸಬೇಕಾಗಿದ್ದರಿಂದ ಸಂಸಾರ ಎಂಟು ತಿಂಗಳಿಗೊಮ್ಮೆ ಊರು ಬದಲಿಸುತ್ತಿತ್ತು. ಶಾಲೆಗೆ ಸೇರಿಸುವುದು, ಬಿಡಿಸುವುದು ಎರಡೂ ಸಾಕಾಗಿ, ಊಟದ ಮೇಜನ್ನೇ ಶಾಲೆಯೆಂದು ಘೋಷಿಸಲಾಯಿತು. ಕೆಳಗೆ ಸಹಿ ಮಾಡಿರುವ ಅಮ್ಮ ಅದಕ್ಕೂ ಮೊದಲು ಹನ್ನೊಂದು ವರ್ಷ ಒಂದು ಕಚೇರಿಯ ಟಪಾಲು ವಿಭಾಗದಲ್ಲಿದ್ದವಳು. ಕಚೇರಿ ಬಿಟ್ಟರೂ ಅಲ್ಲಿಯ ಭಾಷೆ ಅವಳನ್ನು ಬಿಟ್ಟಿಲ್ಲ. ಇದನ್ನು ಓದುವವರು ಸಹಿಸಿಕೊಳ್ಳತಕ್ಕದ್ದು.

ಲೆಕ್ಕ, ವಿಜ್ಞಾನ, ಭೂಪಟ ಎಲ್ಲವೂ ಈ ಮೇಜಿನ ಮೇಲೆ ಸುಸೂತ್ರವಾಗಿ ನಡೆದವು. ಪ್ರಬಂಧ ಮಾತ್ರ ಯಾರಿಗೂ ನೆನಪಾಗಲಿಲ್ಲ. ಇಷ್ಟೊಂದು ಮಾತಾಡುವ ಮಕ್ಕಳು ಬರೆಯದೆ ಇರುತ್ತಾರೆಯೇ ಎಂದು ಇಲಾಖೆ ಭಾವಿಸಿತ್ತು. ಇಲಾಖೆ ತಪ್ಪು ತಿಳಿದಿತ್ತು. ಆಗ ನಡೆದದ್ದು ಮತ್ತೆ ನಡೆಯಬಾರದೆಂಬ ಕಾರಣಕ್ಕೆ ಹಿರಿಯಳ ಪ್ರಕರಣವನ್ನು ಮೊದಲು ದಾಖಲಿಸಿ, ನಂತರ ನಿಯಮಗಳನ್ನು ಹೊರಡಿಸಲಾಗುತ್ತಿದೆ.

ಹಿರಿಯಳ ಪ್ರಕರಣ

1. ಹಿರಿಯ ಮಗಳು ಹದಿನೇಳು ತುಂಬಿದ ವರ್ಷ ಕಾಲೇಜಿಗೆ ಅರ್ಜಿ ಹಾಕಿದಳು. ಶಾಲೆಯ ಅಂಕಪಟ್ಟಿ ಇಲ್ಲದವರು ಆರುನೂರು ಪದಗಳ ಒಂದು ಪ್ರಬಂಧ ಕಳಿಸಬೇಕು, ಅದನ್ನು ನೋಡಿಯೇ ತೀರ್ಮಾನ ಎಂದು ಕಾಲೇಜು ತಿಳಿಸಿತು. ವಿಷಯ, 'ನಾನು ಮನಸ್ಸು ಬದಲಿಸಿದ ಒಂದು ಸಂದರ್ಭ'. ಅವಳು ಮೂರು ದಿನ ಪೆನ್ನಿನ ಕ್ಯಾಪ್ ಕಚ್ಚಿ, ಬೆಕ್ಕು ಬೇಡವೇ ಬೇಡ ಎನ್ನುತ್ತಿದ್ದ ತಾನು ಕೊನೆಗೆ ಒಂದು ಬೆಕ್ಕನ್ನು ಸಾಕಿದ ಬಗ್ಗೆ ಇನ್ನೂರು ಪದ ಬರೆದಳು. ಮುಂದಕ್ಕೆ ಹೋಗಲಿಲ್ಲ.

2. ಆ ಇನ್ನೂರು ಪದಗಳ ಮೇಲೆ ಮನೆಯವರೆಲ್ಲ ಮುಗಿಬಿದ್ದರು. ಅಜ್ಜಿ ಮೂವತ್ತು ವರ್ಷ ರೇಡಿಯೊದಲ್ಲಿ ಉದ್ಘೋಷಕಿಯಾಗಿದ್ದವರು. "ಬರೀ 'ಬೆಳಿಗ್ಗೆ' ಅಂತ ಬರೆದ್ರೆ ಯಾರು ಕೇಳ್ತಾರೆ ಮಗು? ಬೆಳಗಿಗೆ ಒಂದಿಷ್ಟು ಕಳೆ ಬೇಡ್ವಾ?" ಎಂದು 'ಹೊಂಗಿರಣಗಳು ಧರೆಗೆ ಮುತ್ತಿಕ್ಕುವ ಆ ಶುಭ ಗಳಿಗೆಯಲ್ಲಿ' ಎಂದು ಸೇರಿಸಿದರು. ಅಪ್ಪ ಬೆಕ್ಕಿನ ಉದ್ದ, ಎತ್ತರ ಮತ್ತು ತೂಕವನ್ನು ಸೇರಿಸಿದರು. ಕೆಳಗೆ ಸಹಿ ಮಾಡಿರುವವಳು 'ಸದರಿ ಬೆಕ್ಕು ಮರುದಿನವೂ ಬಾಗಿಲಲ್ಲಿ ಖುದ್ದು ಹಾಜರಾಗಿದ್ದು' ಎಂದು ಬರೆದಳು. ತಂಗಿ ಏನೂ ಬರೆಯಲಿಲ್ಲ. ಸಾಲು ಮುಗಿದಲ್ಲೆಲ್ಲ ಆಶ್ಚರ್ಯಸೂಚಕ ಚಿಹ್ನೆ ಹಾಕಿದಳು. ಆರುನೂರು ಪದ ಭರ್ತಿಯಾಯಿತು. ಎಲ್ಲರೂ ಒಬ್ಬರನ್ನೊಬ್ಬರು ಅಭಿನಂದಿಸಿದ್ದಾಯಿತು.

3. ಹದಿನೈದು ದಿನಕ್ಕೆ ಕಾಲೇಜಿನಿಂದ ಪತ್ರ ಬಂತು. 'ಪ್ರಬಂಧವನ್ನು ಓದಲಾಯಿತು; ಬರೆದಿರುವ ನಾಲ್ವರಲ್ಲಿ ಪ್ರವೇಶ ಕೋರಿರುವವರು ಯಾರೆಂದು ತಿಳಿಸುವುದು. ಅವರೊಬ್ಬರೇ ಏಳು ವಾರಗಳ ನಂತರ ನಮ್ಮ ಸಭಾಂಗಣಕ್ಕೆ ಬಂದು, ಅಲ್ಲಿ ಕೊಡುವ ವಿಷಯದ ಮೇಲೆ ಒಂದು ಗಂಟೆಯಲ್ಲಿ ಬರೆದರೆ ಪರಿಶೀಲಿಸಲಾಗುವುದು.'

ಹಿರಿಯಳು ಪತ್ರ ಓದಿ ಮಡಚಿಟ್ಟಳು. ಅಳಲಿಲ್ಲ. "ಅದರಲ್ಲಿ ನನ್ನದು ಅಂತ ಉಳಿದಿದ್ದು ಬೆಕ್ಕೊಂದೇ ಅಮ್ಮಾ, ಅದನ್ನೂ ಅಪ್ಪ ತೂಗಿಬಿಟ್ರು" ಎಂದಳು. ಅಪ್ಪ ತಲೆ ತಗ್ಗಿಸಿಕೊಂಡು ಚಹಾ ಕುಡಿದರು. ಆ ದಿನ ಇಲಾಖೆಯಲ್ಲಿ ಬೇರೆ ಕಲಾಪ ನಡೆಯಲಿಲ್ಲ.

4. ದಾರಿ ಸಿಕ್ಕಿದ್ದು ಅನಿರೀಕ್ಷಿತ ಕಡೆಯಿಂದ. ಅಪ್ಪ ದಿನವೂ ಕೆಲಸದಿಂದ ಬಂದು ಒಂದು ಡೈರಿ ಬರೆಯುತ್ತಾರೆ. ಅದು ಮೇಜಿನ ಮೇಲೆ ತೆರೆದಿತ್ತು. ಹಿರಿಯಳು ತಟ್ಟೆ ಇಡಲು ಜಾಗ ಮಾಡುತ್ತಾ ಪುಟ 41ನ್ನು ಓದಿದಳು:

'ದೂರು: ನಾಲ್ಕನೇ ಮಹಡಿಯಲ್ಲಿ ಲಿಫ್ಟಿನ ಬಾಗಿಲು ಮುಚ್ಚುತ್ತಿಲ್ಲ. ನೋಡಿದ್ದು: ಬಾಗಿಲು ಜಾರುವ ಸಂದಿನಲ್ಲಿ ಮಗುವಿನ ಕಾಲುಚೀಲ. ಮಾಡಿದ್ದು: ತೆಗೆದೆ, ಒರೆಸಿ ಮಗುವಿನ ತಾಯಿಗೆ ವಾಪಸು ಕೊಟ್ಟೆ. ಈಗ: ಬಾಗಿಲು ಸರಿ. ಆ ತಾಯಿ ಇನ್ನೊಂದು ಕಾಲುಚೀಲ ಹುಡುಕುತ್ತಿದ್ದಾರೆ.'

ಅವಳು ಅದನ್ನು ನಿಂತಲ್ಲೇ ಇನ್ನೊಮ್ಮೆ ಓದಿದಳು.

"ಅಪ್ಪಾ, ನೀವು ಇಷ್ಟು ಚೆನ್ನಾಗಿ ಬರೀತೀರಾ?"

"ನಾನೆಲ್ಲಿ ಬರೀತೀನಿ? ಏನಾಗಿತ್ತು, ಏನು ನೋಡಿದೆ, ಏನು ಮಾಡಿದೆ, ಈಗ ಹೇಗಿದೆ. ಅಷ್ಟು ಹಾಕ್ತೀನಿ. ನಾಳೆ ಬೇರೆಯವನು ಬಂದ್ರೆ ಅವನಿಗೆ ಗೊತ್ತಾಗ್ಬೇಕಲ್ಲ."

"ಹಾಗಾದ್ರೆ ಬೆಕ್ಕಿನ ತೂಕ ಯಾಕೆ ಹಾಕಿದ್ರಿ?"

"ಪ್ರಬಂಧ ಅಂದ್ರಲ್ಲ, ಹೆದರಿಕೆ ಆಯ್ತು" ಎಂದು ಅಪ್ಪ ಹೇಳಿಕೆ ನೀಡಿದರು.

5. ಅಂದಿನಿಂದ ಏಳು ವಾರ ಹಿರಿಯಳು ದಿನಕ್ಕೊಂದು ಪ್ಯಾರಾ ಬರೆದಳು. ನಾಲ್ಕೇ ಅಂಗ: ಏನಾಗಿತ್ತು, ಏನು ಕಂಡೆ, ಏನು ಮಾಡಿದೆ, ಈಗ ಏನನಿಸುತ್ತದೆ. ಫ್ರಿಜ್ಜಿನ ಬಾಗಿಲ ಬಗ್ಗೆ ಬರೆದಳು. ಕಿಟಕಿ ಪಕ್ಕದ ಕುರ್ಚಿಗಾಗಿ ತಂಗಿಯ ಜೊತೆ ಆಡಿದ ಜಗಳದ ಬಗ್ಗೆ ಬರೆದಳು. ತಂಗಿಯನ್ನು ಇಲಾಖೆಯ ಪ್ರಶ್ನಾಧಿಕಾರಿಯಾಗಿ ನೇಮಿಸಲಾಯಿತು. ಅವಳಿಗೆ ಒಂದೇ ಒಂದು ಪ್ರಶ್ನೆ ಕೇಳುವ ಅಧಿಕಾರವಿತ್ತು: "ಯಾಕೆ?"

ಒಂದು ದಿನದ ಪ್ಯಾರಾ 'ನಮ್ಮ ಅಜ್ಜಿ ಬಹಳ ಒಳ್ಳೆಯವರು' ಎಂದು ಶುರುವಾಗಿತ್ತು. ಯಾಕೆ ಎಂದಳು ತಂಗಿ. ಎಲ್ಲರ ಮಾತೂ ಕೇಳುತ್ತಾರೆ. ಯಾಕೆ? ಹಿರಿಯಳು ಪೆನ್ನು ಕುಕ್ಕಿ ಎದ್ದು ಹೋದಳು, ನೀರು ಕುಡಿದು ಬಂದಳು, ಮತ್ತೆ ಕುಳಿತಳು. ಹದಿನಾಲ್ಕನೆಯ 'ಯಾಕೆ'ಗೆ ಸಿಕ್ಕಿದ ಸಾಲು ಇದು: 'ಅಜ್ಜಿಗೆ ಈಗ ಕಿವಿ ಸರಿಯಾಗಿ ಕೇಳಿಸುವುದಿಲ್ಲ. ಹೇಳಿದವರಿಗೆ ಬೇಜಾರಾಗಬಾರದೆಂದು ಕೇಳಿಸಿದವರ ಹಾಗೆ ನಗುತ್ತಾರೆ.'

ಅಜ್ಜಿ ಅದನ್ನು ಕನ್ನಡಕ ಹಾಕಿಕೊಂಡು ಓದಿದರು. ಎರಡು ದಿನ ಬಾಲ್ಕನಿಯಲ್ಲೇ ಕುಳಿತಿದ್ದರು. ಮೂರನೆಯ ದಿನ ಅಪ್ಪ ಏನೋ ಹೇಳಿದಾಗ, "ಏನಂದ್ಯಪ್ಪ? ನನಗೆ ಕೇಳಿಸ್ಲಿಲ್ಲ, ಸ್ವಲ್ಪ ಜೋರಾಗಿ ಹೇಳು" ಎಂದರು. ಈ ಮನೆಯಲ್ಲಿ ಅವರು ಹಾಗೆ ಕೇಳಿದ್ದು ಅದೇ ಮೊದಲು. ಮರುವಾರ ಕಿವಿಯ ವೈದ್ಯರ ಬಳಿಗೂ ಹೋಗಿ ಬರಲಾಯಿತು.

6. ಪರೀಕ್ಷೆಯ ದಿನ. ಸಭಾಂಗಣ ಐದನೇ ಮಹಡಿಯಲ್ಲಿತ್ತು. ಇಲ್ಲಿ ಒಂದು ವಿಷಯವನ್ನು ಕಡತಕ್ಕೆ ತರಬೇಕಾಗಿದೆ: ಲಿಫ್ಟ್ ಮೆಕ್ಯಾನಿಕ್‌ನ ಈ ಹಿರಿಯ ಮಗಳು ಲಿಫ್ಟ್ ಹತ್ತುವುದಿಲ್ಲ. ಹತ್ತು ವರ್ಷದವಳಿದ್ದಾಗ ಒಂದು ಲಿಫ್ಟಿನೊಳಗೆ ಇಪ್ಪತ್ತು ನಿಮಿಷ ಸಿಕ್ಕಿಕೊಂಡಿದ್ದಳು. ಅಂದಿನಿಂದ ಮೆಟ್ಟಿಲೇ. ಹೊತ್ತು ಮೀರುತ್ತಿದ್ದುದರಿಂದ ಕೆಳಗೆ ಸಹಿ ಮಾಡಿರುವವಳು, "ಇವತ್ತೊಂದು ದಿನ ಲಿಫ್ಟಲ್ಲಿ ಬಾರೇ, ಹೆದರಬೇಡ, ಏನಾಗಲ್ಲ" ಎಂದಳು. ಅಪ್ಪ ಗಡಿಯಾರವನ್ನೂ ನೋಡಲಿಲ್ಲ. "ಮೆಟ್ಟಿಲಿದೆಯಲ್ಲ, ನಡಿ ಮಗಳೇ" ಎಂದರು. ಅವರ ಬಲ ಮಂಡಿ ಎರಡು ವರ್ಷದಿಂದ ನೋಯುತ್ತಿದೆ. ಅಮ್ಮ ಲಿಫ್ಟಿನಲ್ಲಿ ಮೇಲೆ ಹೋಗಿ ಬಾಗಿಲಲ್ಲಿ ನಿಂತಳು. ಅಪ್ಪ ಮಗಳು ಏದುಸಿರು ಬಿಡುತ್ತಾ ಬಂದಾಗ ನಾಲ್ಕು ನಿಮಿಷ ಉಳಿದಿತ್ತು.

7. ಅಲ್ಲಿ ಕೊಟ್ಟ ವಿಷಯ, 'ಎಲ್ಲರೂ ಹೇಳುವ, ಆದರೆ ನಾನು ಒಪ್ಪದ ಒಂದು ಮಾತು'. ಹಿರಿಯಳು ಹೊರಗೆ ಬಂದು ಏನು ಬರೆದೆನೆಂದು ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ. ಕೇಳದಿರಲು ಇಲಾಖೆ ಪಟ್ಟ ಪಾಡನ್ನು ಇಲ್ಲಿ ವಿವರಿಸುವುದಿಲ್ಲ. ಮೂರು ವಾರದ ಮೇಲೆ ಪ್ರವೇಶಪತ್ರ ಬಂತು. ಜೊತೆಗೆ ಅವಳ ಪ್ರಬಂಧದ ಪ್ರತಿ, ಅದರ ಅಂಚಿನಲ್ಲಿ 'ಒಬ್ಬರೇ ಬರೆದಿದ್ದಾರೆ. ಬರಲಿ' ಎಂಬ ಷರಾ.

ಅವಳು ಒಪ್ಪದ ಮಾತು 'ಹೆದರಬೇಡ'. ಅಮ್ಮ ಇವತ್ತು ಬೆಳಿಗ್ಗೆಯೂ ಅದನ್ನೇ ಹೇಳಿದರು ಎಂದು ಮೊದಲ ಪ್ಯಾರಾದಲ್ಲೇ ಇದೆ. ಇಲಾಖೆ ಇದನ್ನು ಗಂಭೀರವಾಗಿ ಪರಿಗಣಿಸಿದೆ. ಮುಂದೆ ಹೀಗೆ ಬರೆದಿದ್ದಳು: 'ಹೆದರಬೇಡ ಎಂದವರಿಗೆಲ್ಲ ನನ್ನ ಹೆದರಿಕೆ ಬೇಗ ಮುಗಿಯಬೇಕಾಗಿತ್ತು. ಅಪ್ಪನಿಗೆ ಅವಸರವಿರಲಿಲ್ಲ. ಅವರು ನನ್ನನ್ನು ಯಂತ್ರದ ಕೋಣೆಗೆ ಕರೆದುಕೊಂಡು ಹೋಗಿ ಲಿಫ್ಟನ್ನು ಎತ್ತುವ ಆರು ಉಕ್ಕಿನ ಹಗ್ಗಗಳನ್ನು ತೋರಿಸಿದರು. ಒಂದೇ ಹಗ್ಗ ಸಾಕು ನಮ್ಮೆಲ್ಲರನ್ನೂ ಹೊರಲು ಎಂದರು. ಆಮೇಲೂ ನಾನು ಹತ್ತಲಿಲ್ಲ. ಸರಿ ಎಂದು ಉಪಕರಣದ ಚೀಲ ಹೆಗಲಿಗೇರಿಸಿ ನನ್ನ ಜೊತೆ ಮೆಟ್ಟಿಲು ಹತ್ತಿದರು. ಏಳು ವರ್ಷದಿಂದ ಹತ್ತುತ್ತಿದ್ದಾರೆ. ನನ್ನ ಹೆದರಿಕೆ ಕಡಿಮೆಯಾಗಿದ್ದರೆ ಅದು ಮೆಟ್ಟಿಲ ಮೇಲೆ.'

ಅಮ್ಮ ಇದನ್ನು ಊಟದ ಮೇಜಿನ ಬಳಿ ಗಟ್ಟಿಯಾಗಿ ಓದಿದಳು. ಅಪ್ಪ ಬೆರಳು ಮಡಚಿ ಏನೋ ಎಣಿಸಿದರು. ಆಮೇಲೆ, "ಆರಲ್ಲ, ಹಗ್ಗ ಐದು" ಎಂದರು. ಇನ್ನೂ ಸ್ವಲ್ಪ ಹೊತ್ತಿನ ಮೇಲೆ, "ಇನ್ನೊಂದ್ಸಲ ಓದು" ಎಂದರು.

ನಿಯಮಗಳು

ಹಿರಿಯಳು ಈಗ ಕಾಲೇಜಿನಲ್ಲಿದ್ದಾಳೆ. ಕಿರಿಯಳ ಪ್ರಬಂಧದ ಅಭ್ಯಾಸ ಇಂದಿನಿಂದ ಆರಂಭವಾಗುತ್ತಿರುವ ಕಾರಣ, ಮನೆಯ ಸಕಲ ಸದಸ್ಯರ ಗಮನಕ್ಕೆ ಈ ಕೆಳಗಿನವುಗಳನ್ನು ತರಲಾಗಿದೆ:

8. ಕಿರಿಯಳು ಬರೆಯುತ್ತಿರುವಾಗ ಯಾರೂ ಅವಳ ಕುರ್ಚಿಯ ಹಿಂದೆ ನಿಂತು ಉಸಿರಾಡತಕ್ಕದ್ದಲ್ಲ. ಉಸಿರಾಟ ಅನಿವಾರ್ಯವಾದಲ್ಲಿ ಬಾಲ್ಕನಿಯನ್ನು ಬಳಸುವುದು.

9. ಅಜ್ಜಿಯವರ ಹೊಂಗಿರಣಗಳನ್ನು ವಾರಕ್ಕೆ ಒಂದಕ್ಕೆ ಸೀಮಿತಗೊಳಿಸಲಾಗಿದೆ. 'ಸೂರ್ಯನಿಗೇ ರೇಷನ್ನಾ?' ಎಂಬ ಅವರ ಆಕ್ಷೇಪಣೆಯನ್ನು ಸ್ವೀಕರಿಸಿ, ಪರಿಶೀಲಿಸಿ, ತಳ್ಳಿಹಾಕಲಾಗಿದೆ. ಬಳಸದೆ ಉಳಿದ ಕಿರಣವನ್ನು ಮುಂದಿನ ವಾರಕ್ಕೆ ಸಾಗಿಸಲು ಅವಕಾಶವಿಲ್ಲ.

10. ಪ್ರಬಂಧದಲ್ಲಿ ಬರುವ ಯಾವುದೇ ಪ್ರಾಣಿ, ಪಕ್ಷಿ ಅಥವಾ ಸಂಬಂಧಿಕರನ್ನು ಅಪ್ಪ ಅಳೆಯುವಂತಿಲ್ಲ. ಟೇಪನ್ನು ಚೀಲದಿಂದ ಹೊರತೆಗೆಯುವುದನ್ನೇ ಪ್ರಯತ್ನವೆಂದು ಪರಿಗಣಿಸಲಾಗುವುದು.

11. 'ಸದರಿ', 'ತತ್ಸಂಬಂಧ', 'ಮೇಲ್ಕಾಣಿಸಿದ' ಪದಗಳನ್ನು ಕೆಳಗೆ ಸಹಿ ಮಾಡಿರುವವಳು ಈ ಸುತ್ತೋಲೆಯಲ್ಲಿ ಬಳಸಿ ಖಾಲಿ ಮಾಡತಕ್ಕದ್ದು. ಕಿರಿಯಳ ಕಾಗದಕ್ಕೆ ಒಂದೂ ತಲುಪಕೂಡದು.

12. ಕಿರಿಯಳು ಆಶ್ಚರ್ಯಸೂಚಕ ಚಿಹ್ನೆ ಬಳಸುವ ಮುನ್ನ ನಿಜವಾಗಿ ಆಶ್ಚರ್ಯಪಟ್ಟಿರಬೇಕು. ಸಾಕ್ಷಿಯಾಗಿ ಮನೆಯ ಒಬ್ಬ ಸದಸ್ಯರು ಅವಳ ಹುಬ್ಬು ಏರಿದ್ದನ್ನು ನೋಡಿರತಕ್ಕದ್ದು. ಒಂದು ಹುಬ್ಬಿಗೆ ಅರ್ಧ ಚಿಹ್ನೆ.

13. ಪ್ರಶ್ನಾಧಿಕಾರಿಯ ಹುದ್ದೆ ಖಾಲಿಯಾಗಿದ್ದು, ಹಿರಿಯಳು ಭಾನುವಾರಗಳಂದು ಫೋನಿನ ಮೂಲಕ ನಿರ್ವಹಿಸುವಳು. ಇತರ ದಿನಗಳಲ್ಲಿ 'ಯಾಕೆ' ಕೇಳುವ ಹೊಣೆಯನ್ನು ಬೆಕ್ಕಿಗೆ ವಹಿಸಲಾಗಿದೆ. ಅದು ಕಣ್ಣು ಮಿಟುಕಿಸದೆ ದಿಟ್ಟಿಸಿ ನೋಡುವುದನ್ನು ಲಿಖಿತ ಪ್ರಶ್ನೆಗೆ ಸಮಾನವೆಂದು ತಿಳಿಯುವುದು.

14. 'ಇವತ್ತಿನ ಸಮಾಜದಲ್ಲಿ', 'ಮಾನವನು ಹುಟ್ಟಿದಂದಿನಿಂದ' ಎಂದು ಶುರುವಾಗುವ ಪ್ಯಾರಾಗಳನ್ನು ಕಿಟಕಿಯ ಬಳಿ ಕರೆದೊಯ್ದು ಹೊರಗಿನದನ್ನು ತೋರಿಸುವುದು. ಸಮಾಜ ಅಲ್ಲೇ ಇದೆ. ಯಾರು, ಎಲ್ಲಿ, ಏನು ಮಾಡುತ್ತಿದ್ದಾರೆಂದು ನೋಡಿಕೊಂಡು ವಾಪಸು ಬರತಕ್ಕದ್ದು.

15. ಕಿರಿಯಳು ಏನನ್ನೂ ಬರೆಯದೆ ಒಂದು ಗಂಟೆ ಗೋಡೆ ನೋಡುತ್ತಾ ಕುಳಿತರೆ ಅದನ್ನು ಹಾಜರಾತಿ ಎಂದೇ ನಮೂದಿಸುವುದು. ಗೋಡೆಯನ್ನು ಅಲಂಕರಿಸುವಂತಿಲ್ಲ.

16. ಈ ಸುತ್ತೋಲೆಯ ಕರಡನ್ನು ಹಿರಿಯಳಿಗೆ ಫೋನಿನಲ್ಲಿ ಓದಿ ಹೇಳಲಾಯಿತು. ಅವಳು ಕೊನೆಯವರೆಗೂ ಕೇಳಿ, ನಕ್ಕು, "ಅಮ್ಮಾ, ಇಷ್ಟನ್ನೂ ಎರಡು ಸಾಲಲ್ಲಿ ಹೇಳು ನೋಡೋಣ" ಎಂದಳು. ಇಲಾಖೆ ಒಂದು ಇಡೀ ಮಧ್ಯಾಹ್ನ ಪ್ರಯತ್ನಿಸಿತು. ಒಂಬತ್ತು ಹಾಳೆಗಳು ವ್ಯರ್ಥವಾದವು. ಹತ್ತನೆಯದರಲ್ಲಿ ಉಳಿದದ್ದು ಇಷ್ಟು. ಇದೇ ಅಂತಿಮ ಆದೇಶವೆಂದು ತಿಳಿಯುವುದು:

ಅವಳು ಬರೆಯಲಿ.
ನಾವು ಪಕ್ಕದಲ್ಲಿರೋಣ, ಸುಮ್ಮನೆ.

ಸಹಿ/-
ಅಮ್ಮ
ಮುಖ್ಯಸ್ಥೆ, ಗೃಹ ಕಲಿಕಾ ಇಲಾಖೆ

ಪ್ರತಿಗಳು:
1. ಅಪ್ಪನಿಗೆ, ಪಾಲನೆಗಾಗಿ.
2. ಅಜ್ಜಿಯವರಿಗೆ, ದಪ್ಪ ಅಕ್ಷರದಲ್ಲಿ.
3. ಹಿರಿಯಳಿಗೆ, ಕಾಲೇಜಿನ ವಿಳಾಸಕ್ಕೆ. ತಿದ್ದಿ ವಾಪಸು ಕಳಿಸಬಾರದೆಂಬ ಕೋರಿಕೆಯೊಂದಿಗೆ.
4. ಕಿರಿಯಳಿಗೆ, ಮಾಹಿತಿಗಾಗಿ, ಈಗ ಗೋಡೆ ನೋಡುತ್ತಿರುವುದರಿಂದ ಮೇಜಿನ ಅಂಚಿನಲ್ಲಿ ಸದ್ದಿಲ್ಲದೆ ಇಡಲಾಗಿದೆ.
5. ಪಕ್ಕದ ಮನೆಯವರಿಗೆ: ಗೋಡೆ ತೆಳುವಾಗಿದ್ದು ವಿಷಯ ಈಗಾಗಲೇ ತಿಳಿದಿರುವುದರಿಂದ ಪ್ರತಿ ಅನಗತ್ಯ.
6. ಬೆಕ್ಕಿಗೆ: ಮೂಲಪ್ರತಿಯ ಮೇಲೆ ಮಲಗಿದೆ. ಎದ್ದ ನಂತರ ಕಡತಕ್ಕೆ.