ಬಟ್ಟೆ ಸಮೇತ ನಾನೂರು ಪಟ್ಟು

ಮುದ್ದೇಬಿಹಾಳದ ಒಂದು ಪದವಿ ಕಾಲೇಜಿನಲ್ಲಿ ತಯಾರಾದ ಜೆಲ್ ತನ್ನ ತೂಕದ ನಾನೂರು ಪಟ್ಟು ನೀರು ಹೀರುತ್ತದೆ ಎಂಬುದು ನಾನೂರ ಹನ್ನೆರಡು ಪ್ರಬಂಧಗಳು ಒಪ್ಪಿರುವ ಸತ್ಯ. ಇವುಗಳಲ್ಲಿ ಜೆಲ್ಲಿಗೆ ಸಂಬಂಧಪಟ್ಟವು ಎರಡು. ಆ ಎರಡನ್ನೂ ಬರೆದವರು ಜೆಲ್ ತಯಾರಿಸಿದವರೇ.

ಅವರ ಹೆಸರು ಡಾ. ಸುನೀತಾ. ಪಾಲಿಮರ್ ರಸಾಯನಶಾಸ್ತ್ರ ಅವರ ವಿಷಯ. ಜೋಳದ ಪಿಷ್ಟದಿಂದ ಅವರು ಮಾಡಿದ ಪಾಲಿಮರ್ ಈ ಜೆಲ್. ಒಣಗಿದ್ದಾಗ ಸಕ್ಕರೆಯಂಥ ಪುಡಿ, ನೀರು ಬಿದ್ದರೆ ಉಬ್ಬಿದ ಮುದ್ದೆ. ಗಿಡದ ಬುಡಕ್ಕೆ ಹಾಕಿದರೆ ನೀರು ಹಿಡಿದಿಟ್ಟು ನಿಧಾನವಾಗಿ ಬಿಟ್ಟುಕೊಡಬೇಕು. ಎಷ್ಟು ಹಿಡಿಯುತ್ತದೆ ಎಂದು ತೂಗಿ ನೋಡಬೇಕಿತ್ತು. ಪ್ರಯೋಗಾಲಯದ ತಕ್ಕಡಿ ಕೆಟ್ಟಿತ್ತು. ಅದರ ರಿಪೇರಿ ಕಡತ ಆಗಿನ್ನೂ ಮೂರನೆಯ ವರ್ಷದಲ್ಲಿತ್ತು.

ಆದ್ದರಿಂದ ಅವರು ಪೇಟೆಯ ಮೌನೇಶ ಪತ್ತಾರರ ಬಂಗಾರದ ಅಂಗಡಿಗೆ ಹೋದರು. ಪತ್ತಾರರು ಪ್ರಾಮಾಣಿಕರು. ಒಡವೆ ಬಟ್ಟೆಯಲ್ಲಿ ಕಟ್ಟಿ ಬಂದರೆ ಮೊದಲು ಬರಿ ಬಟ್ಟೆ ತೂಗಿ, ಆ ತೂಕ ಕಳೆದು, ಆಮೇಲೆ ಒಡವೆ ತೂಗುತ್ತಾರೆ. ಜೆಲ್ಲಿಗೂ ಹಾಗೆಯೇ ಮಾಡಿದರು. ಗ್ರಾಂನ ಹತ್ತನೇ ಒಂದು ಭಾಗದಷ್ಟು ಜೆಲ್ಲನ್ನು ಸುನೀತಾ ನಾಲ್ಕು ಪದರ ಧೋತರದಲ್ಲಿ ಕಟ್ಟಿ ನೀರಿನಲ್ಲಿ ಅದ್ದಿ ತಂದಾಗ ಪತ್ತಾರರು ಒಣ ಧೋತರದ ತೂಕ ಕಳೆದರು. ಧೋತರ ಕುಡಿದ ನೀರನ್ನು ಕಳೆಯಲಿಲ್ಲ. ಬಂಗಾರ ತೂಗುವಲ್ಲಿ ಒದ್ದೆ ಬಟ್ಟೆಯ ಪ್ರಶ್ನೆ ಬರುವುದಿಲ್ಲವಾದ್ದರಿಂದ ಆ ಅಂಗಡಿಯಲ್ಲಿ ಅಂಥ ರೂಢಿ ಇರಲಿಲ್ಲ. ಯಂತ್ರ ನಲವತ್ತು ಗ್ರಾಂ ತೋರಿಸಿತು, ಅಂದರೆ ನಾನೂರು ಪಟ್ಟು. ಸುನೀತಾ ಸಂತೋಷದಿಂದ ಬರೆದುಕೊಂಡರು. ಸಂತೋಷದಲ್ಲಿರುವ ವಿಜ್ಞಾನಿ ಎರಡನೇ ಸಲ ತೂಗುವುದಿಲ್ಲ.

ಪ್ರಬಂಧ ಪ್ರಕಟವಾಯಿತು. ಎರಡು ವರ್ಷ ಯಾರೂ ಓದಲಿಲ್ಲ. ಆಮೇಲೆ ಕಾಲೇಜಿಗೆ ಮೌಲ್ಯಾಂಕನ ಸಮಿತಿ ಬರುವುದೆಂದು ತಿಳಿಯಿತು. ಒಬ್ಬರ ಪ್ರಬಂಧವನ್ನು ಇನ್ನೊಬ್ಬರು ತಮ್ಮ ಪ್ರಬಂಧದ ಕೊನೆಗೆ ಹೆಸರಿಸಿದರೆ ಅದು ಉಲ್ಲೇಖ. ಸಮಿತಿಯ ಲೆಕ್ಕದಲ್ಲಿ ಎಷ್ಟು ಉಲ್ಲೇಖವೋ ಅಷ್ಟು ವಿದ್ವತ್ತು. ಪ್ರಾಚಾರ್ಯ ಚನ್ನಬಸಯ್ಯನವರು ‘ಸಂಶೋಧನಾ ಪ್ರಭಾವ ಕೋಶ’ ಸ್ಥಾಪಿಸಿ ಸುತ್ತೋಲೆ ಹೊರಡಿಸಿದರು:

“ಎಲ್ಲ ವಿಭಾಗಗಳ ಅಧ್ಯಾಪಕರು ತಮ್ಮ ಪ್ರತಿಯೊಂದು ಪ್ರಬಂಧದಲ್ಲಿ ಡಾ. ಸುನೀತಾ ಅವರ ಜೆಲ್ ಪ್ರಬಂಧವನ್ನು ಕನಿಷ್ಠ ಒಂದು ಸಲ ಉಲ್ಲೇಖಿಸತಕ್ಕದ್ದು. ಓದುವುದು ಐಚ್ಛಿಕ.”

ಇತಿಹಾಸದವರು ಆದಿಲಶಾಹಿ ಬಾವಿಗಳ ನಡುವೆ ಜೆಲ್ ಸೇರಿಸಿದರು. ದೈಹಿಕ ಶಿಕ್ಷಣ ನಿರ್ದೇಶಕರು ಖೋ-ಖೋ ಆಟದಲ್ಲಿ ಮೊಣಕಾಲಿನ ಪಾತ್ರ ಕುರಿತ ಪ್ರಬಂಧದಲ್ಲಿ ಉಲ್ಲೇಖಿಸಿ ಬಡ್ತಿ ಪಡೆದರು. ಸಿಂದಗಿ ಮತ್ತು ಬಸವನ ಬಾಗೇವಾಡಿಯ ಎರಡು ಕಾಲೇಜುಗಳೊಂದಿಗೆ ಒಪ್ಪಂದವಾಯಿತು. ಮದುವೆಯಲ್ಲಿ ಉಡುಗೊರೆಯಾಗಿ ಆಯೇರು ಮಾಡಿದವರ ಮನೆಗೆ ತಿರುಗಿ ಆಯೇರು ಮಾಡುವಂತೆ, ಅವರು ಜೆಲ್ ಉಲ್ಲೇಖಿಸಿದರು, ಇವರು ಅವರ ಸಹಕಾರ ಸಂಘಗಳ ಸಮೀಕ್ಷೆ ಉಲ್ಲೇಖಿಸಿದರು. ಡಾ. ಸುನೀತಾ ಜಿಲ್ಲೆಯ ಅತಿ ಪ್ರಭಾವಿ ವಿಜ್ಞಾನಿಯಾದರು. ಈ ಸಾಧನೆಯನ್ನು ಪರಿಗಣಿಸಿ ತಕ್ಕಡಿಯನ್ನು ರಿಪೇರಿ ಮಾಡಿಸಲಾಯಿತು.

ಜೆಲ್ ಇಂಡಿ ತಾಲೂಕಿನ ನಿಂಬೆ ತೋಟಗಳಿಗೂ ಹೋಯಿತು. ಹದಿನೈದು ದಿನಕ್ಕೊಮ್ಮೆ ನೀರು ಸಾಕು ಎಂದು ಪೊಟ್ಟಣದ ಚೀಟಿಯಲ್ಲಿ ಅಚ್ಚಾಗಿತ್ತು. ಒಂದು ದಿನ ಮಾಳಿಂಗ ಎಂಬ ಬೆಳೆಗಾರ ಒಣಗಿದ ನಿಂಬೆ ಸಸಿ ಹಿಡಿದು ಬಸ್ಸಿನಲ್ಲಿ ಬಂದ.

“ಅಕ್ಕಾರ, ಇದು ನೀರು ಕುಡಿತೈತಿ ಅಂತ ಹೇಳಿದ್ರಿ. ಎಲ್ಲಾ ತಾನ ಕುಡದು ಕುಂತೈತೇನ್ರಿ? ಗಿಡಕ್ಕ ಒಂದು ಹನಿ ಬಿಟ್ಟಿಲ್ಲ.”

“ಚೀಟ್ಯಾಗ ಇದ್ದಂಗ ಮಾಡೀರೇನು?”

“ಅದ ತಪ್ಪಾತ್ರಿ. ನಮ್ಮಪ್ಪ ಹೇಳಿದಂಗ ಮಾಡಿದ್ರ ಗಿಡ ಉಳೀತಿದ್ವು.”

ಅವನು ಹೋದ ಮೇಲೆ ಸುನೀತಾ ರಿಪೇರಿಯಾದ ತಕ್ಕಡಿಯಲ್ಲಿ ಜೆಲ್ ತೂಗಿದರು. ಧೋತರವನ್ನು ಒದ್ದೆ ಮಾಡಿ ಬೇರೆ ತೂಗಿದರು. ನಲವತ್ತು ಗ್ರಾಂನಲ್ಲಿ ಮೂವತ್ತಾರು ಧೋತರ ಕುಡಿದ ನೀರು. ಉಳಿದ ನಾಲ್ಕು ಗ್ರಾಂ ಜೆಲ್ಲಿನದು, ಅಂದರೆ ಜೆಲ್ ಹೀರುವುದು ನಲವತ್ತು ಪಟ್ಟು. ಜೂನ್ ತಿಂಗಳಲ್ಲಿ ಅದು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ನಾಲ್ಕೂ ತಾಲೂಕಿನ ತೋಟಗಳಿಗೆ ಹಂಚಿಕೆಯಾಗಲಿತ್ತು. ಅಷ್ಟರೊಳಗೆ ಪ್ರಬಂಧ ಹಿಂಪಡೆಯಬೇಕೆಂದು ಪತ್ರ ಬರೆದು ಪ್ರಾಚಾರ್ಯರ ಮೇಜಿನ ಮೇಲಿಟ್ಟರು.

ಚನ್ನಬಸಯ್ಯನವರು ಪತ್ರವನ್ನು ಎರಡು ಸಲ ಓದಿದರು.

“ಎಷ್ಟು ತಪ್ಪಾಗೇತ್ರಿ ಮೇಡಮ್?”

“ಹತ್ತು ಪಟ್ಟು, ಸರ್.”

“ಅಂದ್ರ ನಲವತ್ತು ಪಟ್ಟು ಕುಡಿತೈತಿ. ಕುಡಿತೈತೋ ಇಲ್ಲೋ?”

“ಕುಡಿತೈತ್ರಿ. ಆದ್ರ…”

“ಮತ್ತ ಸುಳ್ಳು ಎಲ್ಲೈತಿ? ಒಂದು ಸೊನ್ನಿ ಹೆಚ್ಚಾಗೇತಿ, ಅಷ್ಟ.”

“ಸರ್, ಗಿಡ ಒಣಗಾಕತ್ತಾವ್ರಿ.”

“ಗಿಡ ಮೊದಲೂ ಒಣಗ್ತಿದ್ವು. ಈಗ ಸಂಶೋಧನಾ ಹಚ್ಚಿ ಒಣಗಾಕತ್ತಾವ. ನೀವು ಪ್ರಬಂಧ ಹಿಂದ ತಗೊಂಡ್ರ ಖೋ-ಖೋ ಮಾಸ್ತರ ಮೊಣಕಾಲು ಯಾವುದರ ಮ್ಯಾಲ ನಿಲ್ಲಬೇಕ್ರಿ?”

ವಿಷಯವು ಸಂಶೋಧನಾ ಪ್ರಭಾವ ಕೋಶದ ಮುಂದೆ ಹೋಯಿತು. ಕೋಶವು ಮೂರು ಸಭೆ ನಡೆಸಿ ಹೀಗೆ ತೀರ್ಮಾನಿಸಿತು: ಉಲ್ಲೇಖಗೊಂಡ ಸತ್ಯವನ್ನು ಒಬ್ಬರೇ ಹಿಂಪಡೆಯಲು ಅವಕಾಶವಿಲ್ಲ, ಉಲ್ಲೇಖಿಸಿದವರೆಲ್ಲರ ಲಿಖಿತ ಒಪ್ಪಿಗೆ ಬೇಕು, ಅವರಲ್ಲಿ ಇಬ್ಬರು ತೀರಿಕೊಂಡಿದ್ದಾರೆ. ಆದಾಗ್ಯೂ ಡಾ. ಸುನೀತಾ ಅವರ ಮನಸ್ಸಿಗೆ ಸಮಾಧಾನವಾಗಲೆಂದು ವಿಧಾನವನ್ನು ತಿದ್ದಲಾಗಿದೆ. ಇನ್ನು ಮುಂದೆ ಬಟ್ಟೆಯು ಜೆಲ್ಲಿನ ಅವಿಭಾಜ್ಯ ಅಂಗವೆಂದು ಪರಿಗಣಿಸತಕ್ಕದ್ದು. ಬಟ್ಟೆಯನ್ನು ಬೇರ್ಪಡಿಸಿ ತೂಗುವುದು ಅಶಿಸ್ತು. ಇದನ್ನು ಒಪ್ಪದಿದ್ದಲ್ಲಿ, ತಕ್ಕಡಿಯು ನಾನೂರು ಪಟ್ಟಿನ ಸಾಧನೆಗಾಗಿಯೇ ರಿಪೇರಿಯಾದದ್ದರಿಂದ, ಅದನ್ನು ಪೂರ್ವಸ್ಥಿತಿಗೆ ತರಲಾಗುವುದು.

ಸುನೀತಾ ಒಪ್ಪಿಗೆಯ ಕಾಗದಕ್ಕೆ ಹನ್ನೊಂದು ದಿನ ಸಹಿ ಮಾಡಲಿಲ್ಲ. ಹನ್ನೆರಡನೆಯ ದಿನ ಜವಾನ ಸ್ಕ್ರೂಡ್ರೈವರ್ ಹಿಡಿದು ಪ್ರಯೋಗಾಲಯದ ಬಾಗಿಲಿಗೆ ಬಂದು ನಿಂತ. ಅವರು ತಕ್ಕಡಿಯನ್ನು ನೋಡಿದರು, ಕಾಗದವನ್ನು ನೋಡಿದರು, ಪೆನ್ನು ತೆಗೆದರು. ತಿಂಗಳೊಳಗೆ ಪ್ರೊಫೆಸರ್ ಆದರು.

ಜೂನ್‌ನಲ್ಲಿ ಜೆಲ್ಲಿನ ಪ್ರತಿ ಪೊಟ್ಟಣದ ಜೊತೆ ನಾಲ್ಕು ಪದರ ಬಟ್ಟೆ ಹಂಚಲಾಯಿತು. ಮೌಲ್ಯಾಂಕನ ಸಮಿತಿಯವರು ಇಂಡಿಗೆ ಹೋಗಿ ಮಾಳಿಂಗನ ತೋಟದಲ್ಲಿ ಹಸಿರಾಗಿ ನಿಂತ ಸಸಿಗಳನ್ನು ನೋಡಿದರು.

“ಹೆಂಗೈತಪಾ ಜೆಲ್?” ಎಂದು ಅಧ್ಯಕ್ಷರು ಕೇಳಿದರು.

“ನಾಲ್ಕು ಪದರ ಅರಿವಿ ಚಲೋ ಐತ್ರಿ. ಒದ್ದಿ ಮಾಡಿ ಬುಡಕ್ಕ ಸುತ್ತೇನಿ, ಮ್ಯಾಲ ಹುಲ್ಲು ಹೊಚ್ಚೇನಿ. ಆದ್ರ ಆ ಪುಡಿ ಯಾಕ ಕೊಡ್ತೀರೋ ತಿಳೀವಲ್ದು.”

“ಪುಡಿ ಏನು ಮಾಡ್ದಿ?”

“ಅಟ್ಟದ ಮ್ಯಾಲ ಐತ್ರಿ. ಬೇಕಂದ್ರ ತಗೊಂಡು ಹೋಗ್ರಿ.”

‘ಜೆಲ್ ತಂತ್ರಜ್ಞಾನದ ಬಗ್ಗೆ ರೈತರು ತೃಪ್ತರು’ ಎಂದು ಸಮಿತಿ ಬರೆದುಕೊಂಡಿತು. ಕಾಲೇಜಿಗೆ ಉನ್ನತ ಶ್ರೇಣಿ ದೊರೆಯಿತು. ಸುನೀತಾ ಅವರಿಗೆ ಶಾಲು ಹೊದಿಸಲಾಯಿತು. ಅವರು ಭಾಷಣ ಮಾಡಲಿಲ್ಲ. ಇದನ್ನು ವಿನಯವೆಂದು ದಾಖಲಿಸಲಾಗಿದೆ.

ಆ ವರ್ಷದಿಂದ ಜೆಲ್ ತೂಗುವುದು ಪದವಿ ಅಂತಿಮ ವರ್ಷದ ಪ್ರಾಯೋಗಿಕ ಪರೀಕ್ಷೆಯಲ್ಲಿ ಕಡ್ಡಾಯ ಪ್ರಶ್ನೆ. ನಾಲತವಾಡದಿಂದ ಬರುವ ಐಶ್ವರ್ಯ ಎಂಬ ವಿದ್ಯಾರ್ಥಿನಿ ತಕ್ಕಡಿಯ ಮುಂದೆ ಬಹಳ ಹೊತ್ತು ನಿಂತಿದ್ದಳು. ಕೊನೆಗೆ ಸುನೀತಾ ಅವರ ಬಳಿ ಬಂದಳು.

“ಮೇಡಮ್, ನಲವತ್ತ ಪಟ್ಟು ಬರಾಕತ್ತೈತ್ರಿ. ಮೂರು ಸಲ ತೂಗೇನಿ.”

“ಬಟ್ಟಿ ಕಳದೀಯೇನು?”

“ಹೌದ್ರಿ. ಒದ್ದಿ ಬಟ್ಟಿ ಬ್ಯಾರೆ ತೂಗಿ ಕಳದೇನಿ.”

“ಕಳೀಬ್ಯಾಡ.”

“ನೀವ ಕಲಿಸೀರಲ್ರಿ ಮೇಡಮ್, ಮೊದಲನೇ ವರ್ಷ? ಜಿನ್ನಸಿನ ತೂಕ ಬ್ಯಾರೆ, ಪಾತ್ರೆ ತೂಕ ಬ್ಯಾರೆ ಅಂತ.”

ಸುನೀತಾ ಕಿಟಕಿಯ ಕಡೆ ತಿರುಗಿದರು.

“ಅದು ಮೊದಲನೇ ವರ್ಷದ ಸಿಲೆಬಸ್,” ಎಂದರು.

ಐಶ್ವರ್ಯ ತನ್ನ ಜಾಗಕ್ಕೆ ಹೋಗಿ ಉತ್ತರವನ್ನು ತಿದ್ದಿದಳು. ಸುನೀತಾ ಪೂರ್ಣ ಅಂಕ ಕೊಟ್ಟು ಸಹಿ ಹಾಕಿದರು. ಪಕ್ಕದಲ್ಲಿ ಕುಳಿತು ಎಲ್ಲವನ್ನೂ ಕೇಳಿಸಿಕೊಂಡಿದ್ದ ಬಾಹ್ಯ ಪರೀಕ್ಷಕರು ಚಹಾ ಲೋಟ ಕೆಳಗಿಟ್ಟು, ವಿದ್ಯಾರ್ಥಿನಿಯಲ್ಲಿ ಸಂಶೋಧನಾ ಮನೋಭಾವವಿದೆ ಎಂದು ಷರಾ ಬರೆದರು.