ಪಥ್ಯಕ್ಕೆ ಮಂಜೂರಾದ ರಜೆಗಳು

"ಇದು ಆಗದ ಮಾತು" ಎಂದವರು ನಮ್ಮ ಫಕೀರಪ್ಪ ಮಾಮಾ, ನನ್ನ ತಾಯಿಯ ತಮ್ಮ. ನಾನು ಬಿ.ಕಾಂ. ಸೇರಿದಾಗಲೂ ಅವರು ಇದೇ ಮಾತನ್ನು ಇದೇ ಮೀಸೆ ತಿರುವುತ್ತ ಹೇಳಿದ್ದರು. ಅಲ್ಲಿಯವರೆಗೆ ನಮ್ಮ ಮನೆತನದಲ್ಲಿ ಯಾರೂ ಕಾಲೇಜಿನ ಮೆಟ್ಟಿಲು ಹತ್ತಿರಲಿಲ್ಲ. ನಾನು ಬ್ಯಾಡಗಿಯ ಅಡತಿ ಅಂಗಡಿಯಲ್ಲಿ ಮೆಣಸಿನಕಾಯಿ ಚೀಲ ಹೊಲಿದು, ಸೀನುತ್ತ ಸೀನುತ್ತ ಓದಿ, ಕಾಸ್ಟಿಂಗ್ ಎಂಬ ವಿಷಯದಲ್ಲಿ ಬಿದ್ದು, ಮತ್ತೆ ಬಿದ್ದು, ಕೊನೆಗೆ ಎದ್ದು ಪದವೀಧರನಾದೆ. ಆ ಪ್ರಮಾಣಪತ್ರ ಈಗ ಪುಣೆಯ ಕೊಂಢವಾ ಬಡಾವಣೆಯ ನಮ್ಮ ಫ್ಲ್ಯಾಟಿನ ಹಾಲ್‌ನಲ್ಲಿ, ಟಿವಿಗಿಂತ ಒಂದು ಗೇಣು ಮೇಲೆ ತೂಗುತ್ತಿದೆ. ಟಿವಿ ನೋಡಲು ಬಂದವರು ಅದನ್ನೂ ನೋಡಲೇಬೇಕು. ಬೇರೆ ದಾರಿಯಿಲ್ಲ!

ಹೀಗಿರುವಾಗ ಡಾಕ್ಟರು ಒಂದು ದಿನ ನನ್ನ ರಕ್ತದ ರಿಪೋರ್ಟು ನೋಡಿ, "ತೂಕ ಇಳಿಸಿ. ಇಲ್ಲದಿದ್ದರೆ ಮೂರು ತಿಂಗಳ ನಂತರ ಸಕ್ಕರೆ ಕಾಯಿಲೆಯ ಮಾತ್ರೆ ಶುರು" ಎಂದರು. ಊರಿಗೆ ಫೋನು ಮಾಡಿದಾಗ ಈ ವಿಷಯ ಮಾಮಾನ ಕಿವಿಗೆ ಬಿತ್ತು.

"ಏ ಮೈಲಾರಿ, ಡಿಗ್ರಿ ತಗೊಂಡಿ, ಒಪ್ಪಿದ್ನಿ. ಈ ಹೊಟ್ಟಿ ಇಳಿಯೂದು ಮಾತ್ರ ಆಗದ ಮಾತು. ನಿಮ್ಮಪ್ಪನಿಂದ ನಿನಗ ಬಂದ ಆಸ್ತಿ ಅದೊಂದ. ಅದನ್ನೂ ಕಳಕೋತಿ ಏನು?"

ಪದವೀಧರನಿಗೆ ಇಷ್ಟು ಸಾಕು. ಅದೇ ವಾರ ನಮ್ಮ ಸೊಸೈಟಿಯಲ್ಲಿ ತೂಕ ಇಳಿಸುವ ಸ್ಪರ್ಧೆಯ ಬೋರ್ಡು ಬಿತ್ತು. ನಡೆಸುವವಳು ಎದುರಿನ ವಿಂಗಿನ ಪ್ರಾಜಕ್ತಾ. ಆಹಾರದ ಶಾಸ್ತ್ರ ಓದಿದ ಹುಡುಗಿ. ಮೊದಲ ದಿನ ಒಮ್ಮೆ, ಮೂರು ತಿಂಗಳ ನಂತರ ಒಮ್ಮೆ ತೂಕ ನೋಡುವುದು. ಎಲ್ಲರಿಗಿಂತ ಹೆಚ್ಚು ಇಳಿದವರಿಗೆ ಪ್ರಮಾಣಪತ್ರ. ಜೋಡಿಯಾಗಿ ಬಂದರೆ ಶುಲ್ಕ ಒಂದೇ ಎಂದು ಬರೆದಿತ್ತು. ಬಿಟ್ಟಿ ಸಿಗುವ ಜಾಗವನ್ನು ಖಾಲಿ ಬಿಡುವುದೇಕೆ ಎಂದು ಹೆಂಡತಿ ಮಾದೇವಿಯ ಹೆಸರನ್ನೂ ನನ್ನ ಹೆಸರಿನ ಕೆಳಗೆ ಬರೆಸಿಬಂದೆ.

ಮನೆಗೆ ಬಂದವನೇ ಸುತ್ತಿಗೆ ಹಿಡಿದು ಡಿಗ್ರಿಯ ಪಕ್ಕದಲ್ಲಿ ಒಂದು ಮೊಳೆ ಹೊಡೆದೆ.

"ಏನ್ರೀ, ಯಾವ ಫೋಟೋಕ್ಕ ಇದು?" ಮಾದೇವಿ ಅಡುಗೆಮನೆಯಿಂದ ಬಂದಳು.

"ಬರೂ ಪ್ರಮಾಣಪತ್ರಕ್ಕ."

"ಇನ್ನ ಒಂದು ತುತ್ತು ಬಿಟ್ಟಿಲ್ಲ, ಆಗಲೇ ಮೊಳಿ!"

"ಇದಕ್ಕ ಪೂರ್ವತಯಾರಿ ಅಂತಾರ. ಓದಿದವರು ಹಿಂಗ ಮಾಡ್ತಾರ."

ಆಕೆ ಸೆರಗಿನಿಂದ ಡಿಗ್ರಿಯ ಗಾಜಿನ ಮೇಲೆ ಬಿದ್ದ ಗೋಡೆಯ ಪುಡಿ ಒರೆಸಿದಳು. ಮಾದೇವಿ ತರಗತಿಗೇ ಜಾಣೆಯಾಗಿದ್ದಳಂತೆ. ಏಳನೆಯ ತರಗತಿಗೆ ಶಾಲೆ ಬಿಡಿಸಿ, ತಮ್ಮಂದಿರನ್ನು ನೋಡಿಕೊಳ್ಳಲು ಮನೆಯಲ್ಲಿ ಕೂಡಿಸಿದರು. ನಮ್ಮ ಮನೆಯಲ್ಲಿ ಆಕೆಯ ಹೆಸರು ಅಚ್ಚಾಗಿರುವ ಕಾಗದ ಎಂದರೆ ಗ್ಯಾಸ್ ಸಿಲಿಂಡರಿನ ರಸೀದಿ.

ಪ್ರಾಜಕ್ತಾ ಕೊಟ್ಟ ಪಥ್ಯ ಸರಳವಾಗಿತ್ತು. ವಾರವಿಡೀ ಜೋಳದ ರೊಟ್ಟಿ, ಬೇಯಿಸಿದ ಹೆಸರುಕಾಳು, ಸೌತೆಕಾಯಿ, ಮಜ್ಜಿಗೆ. ಬೆಳಿಗ್ಗೆ ಕೆಳಗಿನ ಗಾರ್ಡನ್ನಿನಲ್ಲಿ ಎಲ್ಲರ ಜೊತೆ ನಡಿಗೆ. ಭಾನುವಾರ ಮಾತ್ರ ಹೆಚ್ಚು ಉಣ್ಣುವ ದಿನ! ದಿನಾ ಕಡಿಮೆ ತಿಂದರೆ ಮೈ ಸೋಲುತ್ತದೆ, ಮನಸ್ಸು ಸಿಟ್ಟಿಗೇಳುತ್ತದೆ. ಅದಕ್ಕೇ ಮೊದಲೇ ಗೊತ್ತು ಮಾಡಿದ ಒಂದು ದಿನ ಒಂದಿಷ್ಟು ಅನ್ನ, ಒಂದಿಷ್ಟು ಹಣ್ಣು ಜಾಸ್ತಿ ತಿನ್ನಬೇಕು ಎಂದು ಆಕೆ ವಿವರಿಸಿದಳು. ಕೊನೆಗೆ ಎರಡು ಬೆರಳು ಹತ್ತಿರ ಹಿಡಿದು ತೋರಿಸಿ, "ಕಾಕಾ, ಥೋಡಂಚ ಜಾಸ್ತ!" ಎಂದಳು. ಅಂದರೆ ಸ್ವಲ್ಪವೇ ಜಾಸ್ತಿ. ಪುಣೆಯಲ್ಲಿ ಇಷ್ಟು ವರ್ಷ ಬಾಳಿದ ನನಗೆ ಆ ಇಡೀ ವಾಕ್ಯದಲ್ಲಿ 'ಜಾಸ್ತ' ಒಂದೇ ಕೇಳಿಸಿತು.

ಇಲ್ಲಿ ನನ್ನ ಉದ್ಯೋಗದ ವಿಷಯ ಹೇಳಬೇಕು. ರಾಂಜಣಗಾಂವದ ಒಂದು ಕಾರ್ಖಾನೆಯಲ್ಲಿ ನಾನು ರಜೆಯ ಲೆಕ್ಕ ನೋಡುವವನು. ಯಾರಿಗೆ ಎಷ್ಟು ರಜೆ ಬಾಕಿ, ಯಾವ ರಜೆ ಮುಂದಿನ ವರ್ಷಕ್ಕೆ ಹೋಗುತ್ತದೆ, ಹಬ್ಬದ ದಿನ ದುಡಿದವನಿಗೆ ಬದಲಿ ರಜೆ ಯಾವಾಗ, ಇವೆಲ್ಲ ನನಗೆ ಬಾಯಿಪಾಠ. ಹೆಚ್ಚು ಉಣ್ಣುವ ದಿನವೆಂದರೆ ಪಥ್ಯಕ್ಕೆ ಸಿಗುವ ವಾರದ ರಜೆಯೇ ಅಲ್ಲವೇ? ರಜೆ ಎಂದ ಮೇಲೆ ನಿಯಮಗಳು ಬೇಡವೇ? ಇಷ್ಟು ಸರಳ ವಿಚಾರ ಆ ಹುಡುಗಿಗೆ ಹೊಳೆದಿರಲಿಲ್ಲ. ನನಗೆ ಹೊಳೆಯಿತು. ಅಲ್ಲಿಂದ ನನ್ನ ಪತನ ನಿಯಮಬದ್ಧವಾಗಿ ಆರಂಭವಾಯಿತು!

ಮೊದಲ ಗುರುವಾರವೇ ಆಫೀಸಿನ ಶಿಂದೆಯವರು ಮಗ ಪಾಸಾದನೆಂದು ಪೇಢೆ ಹಂಚಿದರು. ಪಾಸಾದವರ ಪೇಢೆಗೆ ಬೇಡವೆನ್ನಲು ಕಾಸ್ಟಿಂಗ್‌ನಲ್ಲಿ ಬಿದ್ದು ಎದ್ದವನಿಗೆ ಮನಸ್ಸು ಬರುತ್ತದೆಯೇ? ಭಾನುವಾರದ ಖಾತೆಯಿಂದ ಮುಂಗಡ ತೆಗೆದೆ. ಭಾನುವಾರ ಬಂದಾಗ, ವಾರದ ರಜೆಯನ್ನು ಮುಂಗಡಕ್ಕೆ ಮುರಿದುಕೊಳ್ಳುವುದು ಕಾರ್ಮಿಕ ವಿರೋಧಿ ಎನ್ನಿಸಿತು. ಅದನ್ನೂ ಪೂರ್ತಿ ಉಂಡೆ.

ಮರುವಾರ ಏಕಾದಶಿ. ಅವತ್ತು ಉಪವಾಸವೆಂದು ಸಾಬೂದಾಣಿ ಖಿಚಡಿ, ಶೇಂಗಾದ ಉಂಡೆ, ಆಲೂಗಡ್ಡೆ ಚಿವಡಾ ತಿಂದೆ. ಉಪವಾಸವೆಂದರೆ ಹೆಚ್ಚುವರಿ ದುಡಿಮೆ. ಅದಕ್ಕೆ ಬದಲಿ ರಜೆಯಾಗಿ ಸೋಮವಾರ ಎಣ್ಣೆ ತೇಲುವ ಖಾರದ ಮಿಸಳ್ ತಿಂದೆ. ನೆಗಡಿಯಾದಾಗ ಅನಾರೋಗ್ಯ ರಜೆ. ಬಿಸಿ ಬಿಸಿ ಕಾಂದಾ ಭಜಿ, ಅಂದರೆ ಈರುಳ್ಳಿ ಬಜ್ಜಿ. ಕೆಲವು ದಿನ ಅರ್ಧ ದಿನದ ರಜೆ. ಮಧ್ಯಾಹ್ನದವರೆಗೆ ಜಿಲೇಬಿ, ಆಮೇಲೆ ಪಥ್ಯ. ಅರ್ಜಿದಾರನೂ ನಾನೇ, ಮಂಜೂರು ಮಾಡುವ ಅಧಿಕಾರಿಯೂ ನಾನೇ. ಇಂಥ ಆಫೀಸಿನಲ್ಲಿ ಒಂದು ಅರ್ಜಿಯೂ ತಿರಸ್ಕಾರವಾಗಲಿಲ್ಲ!

ತೊಂದರೆ ಇದ್ದದ್ದು ಮಾದೇವಿಗೆ.

"ಏನ್ರೀ, ಹೆಸರಕಾಳು ಬೇಯಿಸಿ ಇಟ್ಟೀನಲ್ರೀ. ಮತ್ತ ಇವತ್ತೂ ರಜಾ ಅಂದ್ರ ಇದನ್ನೇನು ಮಾಡ್ಲಿ?"

"ಫ್ರಿಜ್ಜಿನಾಗ ಇಡು."

"ನಿನ್ನಿದು ಅಲ್ಲೇ ಕುಂತದ. ಮೊನ್ನಿದು ಅದರ ಹಿಂದ ಕುಂತದ. ಅನ್ನ ಚೆಲ್ಲಾಕ ಬರ್ತದೇನ್ರೀ?"

ಬರುವುದಿಲ್ಲ. ನಮ್ಮಲ್ಲಿ ಅನ್ನ ಚೆಲ್ಲುವ ಪದ್ಧತಿಯಿಲ್ಲ. ಆದ್ದರಿಂದ ನಾನು ಆಕೆಯ ಪಾಲಿನ ಅನ್ನ, ತುಪ್ಪ, ಬದನೆಕಾಯಿ ಎಣ್ಣೆಗಾಯಿ ಬಡಿಸಿಕೊಂಡೆ. ಆಕೆ ನನ್ನ ಪಾಲಿನ ಕಾಳು, ಸೌತೆಕಾಯಿ ಮುಗಿಸತೊಡಗಿದಳು. ಸಂಸಾರದಲ್ಲಿ ಹೊಂದಾಣಿಕೆ ಮುಖ್ಯ.

ಬೆಳಗಿನ ನಡಿಗೆಯದೂ ಇದೇ ಕಥೆ. ರಜೆಯ ದಿನ ಯಾರಾದರೂ ನಡೆಯುತ್ತಾರೆಯೇ? ಆದರೆ ಹೇಳದೆ ಕೇಳದೆ ಗೈರಾಗುವುದು ರಜೆಯ ಲೆಕ್ಕ ನೋಡುವವನಿಗೆ ಶೋಭಿಸುವುದಿಲ್ಲ.

"ಕೆಳಗ ಹೋಗಿ ಪ್ರಾಜಕ್ತಾಗ ಹೇಳಿ ಬಾ. ಇವತ್ತ ಅವರು ರಜೆದಾಗ ಅದಾರ ಅಂತ."

ಮಾದೇವಿ ಹೇಳಲು ಹೋಗುತ್ತಿದ್ದಳು. ದಿನಾ ಹೋಗುತ್ತಿದ್ದಳು. ಹೋದವಳು ಬೇಗ ಬರುತ್ತಿರಲಿಲ್ಲ.

"ಇಷ್ಟೊತ್ತು ಏನು ಹೇಳ್ತಿದ್ದಿ ಆಕಿಗೆ?"

"ಅಲ್ಲಿ ಹೆಣ್ಮಕ್ಕಳು ಬಿಡೂದಿಲ್ರೀ. ಬಂದೀರಿ ಅಂದಮ್ಯಾಲೆ ಎರಡು ಸುತ್ತು ಹಾಕ್ರಿ ವಹಿನಿ ಅಂತಾರ. ಕರೆದವರಿಗೆ ಒಲ್ಲೆ ಅಂತ ಹೆಂಗ ಅನ್ಲಿ?"

ಒಂದು ದಿನ ಪಾತ್ರೆ ತೊಳೆಯುತ್ತ, "ಏನ್ರೀ, ಬಳಿ ಜಾರ್ತಾವ್ರೀ" ಎಂದಳು. "ಸೋಪ್ ಕಡಿಮಿ ಹಚ್ಚು" ಎಂದು ಸಲಹೆ ಕೊಟ್ಟು ನಾನು ಬಾಕರವಡಿ ಎಂಬ ಪುಣೆಯ ಕುರುಕಲು ತಿಂಡಿಯ ಡಬ್ಬಿ ತೆರೆದೆ. ಪದವೀಧರನಿಗೆ ಅದಕ್ಕಿಂತ ಹೆಚ್ಚು ತೋಚಲಿಲ್ಲ.

ನಡುವೆ ನಾನೊಮ್ಮೆ ಮನೆಯ ತಕ್ಕಡಿ ಏರಿ ನೋಡಬಹುದಿತ್ತು. ಆದರೆ ರಜೆಯಲ್ಲಿದ್ದವನ ಹಾಜರಿ ತೆಗೆಯುವ ಪದ್ಧತಿ ಎಲ್ಲಿಯೂ ಇಲ್ಲ.

ಇನ್ನು ಪುಣೆಯ ಹತ್ತಿರದ ಜೇಜುರಿ. ಅಲ್ಲಿಯ ಖಂಡೋಬಾ ನಮ್ಮ ಕಡೆಯವರಿಗೆ ಮೈಲಾರಲಿಂಗ, ನಮ್ಮ ಮನೆದೇವರು. ನನ್ನ ಹೆಸರೂ ಅವನದೇ. ಊರಿನಿಂದ ದರ್ಶನಕ್ಕೆ ಬರುವ ಬಂಧುಗಳೆಲ್ಲ ಇಳಿಯುವುದು ನಮ್ಮ ಮನೆಯಲ್ಲಿ. ಬರುವಾಗ ಕರದಂಟು, ಶೇಂಗಾ ಹೋಳಿಗೆ, ಹೋಗುವಾಗ ಹಣೆಗೆ ಅರಿಶಿನದ ಭಂಡಾರ. ಬೇಡವೆಂದರೆ "ದೇವರಿಗೆ ಹೊಂಟೋರ ಕೈಯಾಗಿಂದು ಒಲ್ಲೆ ಅಂತೀಯೇನೋ ಮೈಲಾರಿ?" ಎನ್ನುತ್ತಾರೆ. ನಾನು ಗಂಭೀರವಾಗಿ ಆಲೋಚಿಸಿ ತೀರ್ಪು ಕೊಟ್ಟೆ: ದೈವಕಾರ್ಯದ ಊಟ ವಿಶೇಷ ರಜೆ, ಅದನ್ನು ಯಾವ ಖಾತೆಯಿಂದಲೂ ಕಳೆಯತಕ್ಕದ್ದಲ್ಲ!

ಆ ಮೂರು ತಿಂಗಳಲ್ಲಿ ಮೈಲಾರಲಿಂಗನ ಭಕ್ತರು ಯಾಕಷ್ಟು ಹೆಚ್ಚಿದರೋ ನನಗೆ ಇಂದಿಗೂ ತಿಳಿಯದು.

ಕೊನೆಯ ತೂಕದ ದಿನ ಜೇಜುರಿಗೆಂದು ಬಂದಿಳಿದವರು ಸ್ವತಃ ಫಕೀರಪ್ಪ ಮಾಮಾ! ಹಾಲ್‌ಗೆ ಕಾಲಿಟ್ಟವರೇ ಡಿಗ್ರಿಯ ಪಕ್ಕದ ಖಾಲಿ ಮೊಳೆಯನ್ನು ನೋಡಿದರು.

"ಇದೇನಪಾ, ಅಂಗಿ ಸಿಗಿಸಾಕೇನು?"

"ಸಂಜಿಗೆ ಗೊತ್ತಾಗ್ತದ ಮಾಮಾ" ಎಂದೆ. ಕನ್ನಡಿಯಲ್ಲಿ ಎದುರಿನಿಂದ ಮಾತ್ರ ನೋಡಿಕೊಂಡರೆ ಸಾಕಷ್ಟು ಇಳಿದಿದ್ದೇನೆ ಎಂದು ನನಗೆ ನಿಜಕ್ಕೂ ಅನ್ನಿಸಿತ್ತು.

ಸಂಜೆ ಸೊಸೈಟಿಯ ಹಾಲ್‌ನಲ್ಲಿ ಜನ ಸೇರಿದರು. ಮಾಮಾ ಮುಂದಿನ ಕುರ್ಚಿಯಲ್ಲಿ ತಲೆಯ ಪಟಕಾ ಸರಿಮಾಡಿಕೊಂಡು ಕುಳಿತರು. ಧನ್ಯವಾದದ ನಾಲ್ಕು ಮಾತನ್ನು ಮರಾಠಿಯಲ್ಲಿ ಬಾಯಿಪಾಠ ಮಾಡಿಕೊಂಡು ನಾನು ತಕ್ಕಡಿ ಹತ್ತಿದೆ.

ಪ್ರಾಜಕ್ತಾ ಬಗ್ಗಿ ನೋಡಿದಳು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. "ಕಾಕಾ, ಹೇ ಕಾಯ?" ಎಂದಳು. ಇದೇನು ಎಂದು ಕೇಳಿದರೆ ನಾನೇನು ಹೇಳಲಿ? ಮುಳ್ಳು ಮೊದಲ ದಿನದ ಗೆರೆ ದಾಟಿ ಮುಂದೆ ಹೋಗಿತ್ತು!

"ತಕ್ಕಡಿ ಕೆಟ್ಟಿದೆ" ಎಂದು ಘೋಷಿಸಿದೆ. ವಾಚ್‌ಮನ್‌ನನ್ನು ಕರೆದು ನಿಲ್ಲಿಸಿದರು. ಅವನ ತೂಕ ಸರಿಯಾಗಿತ್ತು. ನಾನು ಕೈಗಡಿಯಾರ ಬಿಚ್ಚಿಟ್ಟೆ. ಮೊಬೈಲು, ಬೀಗದ ಕೈ ತೆಗೆದಿಟ್ಟೆ. ಮುಳ್ಳು ಕದಲಲಿಲ್ಲ. ಕೊನೆಯ ಅಸ್ತ್ರವಾಗಿ ಬೆಲ್ಟ್ ಬಿಚ್ಚಿದೆ. ಪ್ಯಾಂಟು ಇದ್ದಲ್ಲೇ ಇತ್ತು, ಒಂದು ಕೂದಲೆಳೆಯೂ ಜಾರಲಿಲ್ಲ. ಅದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಮಾಮಾ ಮೀಸೆಯ ಒಂದು ತುದಿ ತಿರುವಿದರು. ಇನ್ನೊಂದು ತುದಿಗೆ ಕೈ ಹಾಕುವಷ್ಟರಲ್ಲಿ ಪ್ರಾಜಕ್ತಾ ಮುಂದಿನ ಹೆಸರು ಕೂಗಿದಳು. ಮಾದೇವಿಯದು.

"ನಾ ಯಾಕವ್ವಾ? ನಂದು ಸುಮ್ನ ಬರೆಸಿದ ಹೆಸರು" ಎಂದು ಆಕೆ ನನ್ನ ಬೆನ್ನ ಹಿಂದೆ ಸರಿದಳು. ಮರೆಯಾಗಲು ಅಲ್ಲಿ ಜಾಗ ಬೇಕಾದಷ್ಟಿತ್ತು. ಗಾರ್ಡನ್ನಿನ ಹೆಂಗಸರು ಕೈಹಿಡಿದು ಎಳೆದರು. ಚಪ್ಪಲಿ ಕಳಚಿ, ತಕ್ಕಡಿಗೆ ಒಮ್ಮೆ ನಮಸ್ಕಾರ ಮಾಡಿ ಹತ್ತಿದಳು.

ಪ್ರಾಜಕ್ತಾ ಕಿರುಚಿದಳು. ಈ ಸಲ ಸಂತೋಷದಿಂದ! ಇಡೀ ಸೊಸೈಟಿಯಲ್ಲಿ ಎಲ್ಲರಿಗಿಂತ ಹೆಚ್ಚು ಇಳಿದವಳು ಮಾದೇವಿ. ನನ್ನ ರಜೆಗಳ ಹೆಸರುಕಾಳು ಉಂಡು, ನನ್ನ ರಜೆಯ ಸುದ್ದಿ ಹೇಳಲು ನಡೆದು ನಡೆದು, ಆಕೆ ನನ್ನ ಪಥ್ಯವನ್ನು ಒಂದು ದಿನವೂ ತಪ್ಪದೆ ಮುಗಿಸಿದ್ದಳು. ಭಾನುವಾರ ಮಾತ್ರ, ಎಲ್ಲರಿಗೂ ಬಡಿಸಿದ ಮೇಲೆ, ಒಂದು ಹೋಳಿಗೆ ತಿಂದಿದ್ದಳು. ಥೋಡಂಚ ಜಾಸ್ತ!

ಆಕೆಯ ಕೈಯನ್ನು ಆಗ ಸರಿಯಾಗಿ ನೋಡಿದೆ. ಬಳೆಗಳು ಮೊಣಕೈಯತ್ತ ಸರಿದಿದ್ದವು.

ಸಭೆಯಲ್ಲಿ ಎಲ್ಲರಿಗಿಂತ ಹಿರಿಯರು ಮಾಮಾ ಎಂದು, ಸೊಸೈಟಿ ಆಫೀಸಿನ ಪ್ರಿಂಟರಿನಿಂದ ಆಗಷ್ಟೇ ಹೊರಬಂದ ಪ್ರಮಾಣಪತ್ರವನ್ನು ಅವರ ಕೈಯಿಂದಲೇ ಕೊಡಿಸಿದರು. ಅಚ್ಚಾದ ತನ್ನ ಹೆಸರನ್ನು ಮಾದೇವಿ ಬೆರಳಿಟ್ಟು ಓದಿದಳು. ಮತ್ತೊಮ್ಮೆ ಓದಿದಳು. "ಏನ್ರೀ, ಇದು ನನಗ ಏನ್ರೀ? ವಾಪಸ್ ಕೊಡೂದಿಲ್ಲಲ್ಲ?" ಎಂದು ನನ್ನನ್ನು ಕೇಳಿದಳು. ಧನ್ಯವಾದದ ನನ್ನ ನಾಲ್ಕೂ ಮರಾಠಿ ಮಾತುಗಳು ಖರ್ಚಾಗದೆ ಬಾಕಿ ಉಳಿದವು. ಇಲ್ಲವೆಂದು ತಲೆಯಾಡಿಸಿದೆ. ಕೈಯಲ್ಲಿ ಇನ್ನೂ ಬೆಲ್ಟ್ ಹಿಡಿದೇ ಇದ್ದೆ.

ಮಾಮಾ ಆಕೆಯ ತಲೆಯ ಮೇಲೆ ಕೈಯಿಟ್ಟರು. ಆಮೇಲೆ ನನ್ನತ್ತ ತಿರುಗಿದರು.

"ಮೈಲಾರಿ, ಮೊಳಿ ಒಂದು ನೀ ಬರೋಬ್ಬರಿ ಜಾಗಾದಾಗ ಹೊಡದೀಯಪಾ. ಇನ್ನ ನಡಿ ಮನಿಗೆ. ಇವತ್ತ ನಾ ತಂದ ಹೋಳಗಿ ಆಕಿಗೆ. ನಿನಗ ಹೆಸರಕಾಳು ಕಾಯಾಕತ್ತಾವ, ಚೆಲ್ಲಾಕ ಬರೂದಿಲ್ಲ."